ಖಾಲಿ ಬಿಟ್ಟ ಮೂಲೆ

ಹಳೆಯ ರಟ್ಟಿಗೂ ಒಣಗಿದ ಸ್ಕೆಚ್ ಪೆನ್ನಿಗೂ ಸೇರಿ ಒಂದು ವಾಸನೆ ಇರುತ್ತದೆ. ಸಿಹಿ ಎನ್ನುವಂತಿಲ್ಲ, ಕಮಟು ಎನ್ನುವಂತೆಯೂ ಇಲ್ಲ. ಈ ಶನಿವಾರ ಬೆಳಿಗ್ಗೆ ಗ್ರೀನ್ ಕಾರ್ಡಿನ ಫೈಲು ಹುಡುಕುತ್ತ ಬಟ್ಟೆಯ ಕಪಾಟಿನೊಳಗೆ ತಲೆ ಹಾಕಿದಾಗ ಅದು ಮೂಗಿಗೆ ಬಡಿಯಿತು. ಕೋಟುಗಳ ಹಿಂದೆ, ಗೋಡೆಗೆ ಮುಖ ಮಾಡಿ, ಟೀವಿ ಡಬ್ಬದಿಂದ ಕತ್ತರಿಸಿದ ದೊಡ್ಡ ರಟ್ಟೊಂದು ನಿಂತಿತ್ತು. ನನಗೆ ಕಾಣುತ್ತಿದ್ದುದು ಅದರ ಬೆನ್ನು: ಗಾಜಿನ ಲೋಟದ ಚಿತ್ರ, ಮೇಲ್ಮುಖವಾದ ಎರಡು ಬಾಣ. ಮುಂಭಾಗದಲ್ಲಿ ಏನಿದೆ ಎಂದು ಗೊತ್ತಿತ್ತು. ಅಮೆರಿಕದ ನಕಾಶೆ. ಅದರ ಮೇಲಿನ ಎಡಮೂಲೆ, ಅಂದರೆ ನಾನೂ ನನ್ನ ಕಪಾಟೂ ಇರುವ ಮೂಲೆ, ಬಣ್ಣವಿಲ್ಲದೆ ಖಾಲಿ. ಈ ಖಾಲಿ ಮೂಲೆಯ ಕಥೆಯನ್ನು ಎಷ್ಟೋ ಮನೆಗಳ ಊಟದ ಮೇಜಿನಲ್ಲಿ ಹೇಳಿದ್ದೇನೆ. ಜನ ಚಮಚ ಕೆಳಗಿಟ್ಟು ಕೇಳಿದ್ದಾರೆ. ಹಾಗಾಗಿ ತಿರುಗಿಸಿ ನೋಡುವ ಅಗತ್ಯ ಕಾಣಲಿಲ್ಲ.

ಫೈಲು ಬೇಕಾಗಿದ್ದುದು ಪೌರತ್ವದ ಅರ್ಜಿಗೆ. ನಾನು ಇದೇ ಮೂಲೆಯ ಕೆಂಟ್ ಎಂಬ ಊರಿನಲ್ಲಿ ವಿಮಾನದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವವನು; ಬೋಲ್ಟು, ಬ್ರ್ಯಾಕೆಟ್ಟು ಅಳೆಯುವುದು ನನ್ನ ಬದುಕು. ನಮ್ಮಲ್ಲಿ ಹಿಂಬದಿಗೆ ಬೇಲಿ ಹಾಕಿದ ಒಂದು ವಿಭಾಗವಿದೆ. ಸೈನ್ಯದ ವಿಮಾನಗಳ ಕೆಲಸ ಅಲ್ಲಿ ನಡೆಯುತ್ತದೆ, ಮೇಲ್ವಿಚಾರಕನಾಗಲು ಪೌರತ್ವ ಬೇಕು. ಆ ಜಾಗಕ್ಕೆ ನನ್ನ ಹೆಸರು ಕೇಳಿಬರುತ್ತಿದೆ. ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ಅರ್ಧ ಅರ್ಜಿ ತುಂಬಿದ್ದೆ. ಹೌದು, ಇಲ್ಲ ಎಂದು ಉತ್ತರಿಸುವ ಪುಟವನ್ನಂತೂ ಕಾಫಿ ಆರುವ ಮೊದಲೇ ಮುಗಿಸಿದ್ದೆ. ಕಾರ್ಡಿನ ನಂಬರಿಗಾಗಿ ಎದ್ದವನನ್ನು ರಟ್ಟು ಹಿಡಿದು ನಿಲ್ಲಿಸಿತು.

ಕಥೆ ನಿಮಗೂ ಹೇಳುತ್ತೇನೆ. ಆದರೆ ತುಂಬ ಸಲ ಹೇಳಿ ನುಣುಪಾದ ನೆನಪುಗಳನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಎಲ್ಲಿ ನುಣುಪಾಗಿದೆ ಅನ್ನಿಸುತ್ತದೋ ಅಲ್ಲಿ ಬೆರಳಿಟ್ಟು ಉಜ್ಜಿ ನೋಡಿ.

ಕೆಂಟ್‌ಗೆ ಹತ್ತಿರದ ನ್ಯೂಕ್ಯಾಸಲ್ ಎಂಬ ಊರಿನಲ್ಲಿ ನಮ್ಮದು ಮೂರಂತಸ್ತಿನ ಕಟ್ಟಡ. ಮೇಲಿನ ಮನೆಯಲ್ಲಿ ವೀಣಾ, ಅವರ ಮಗಳು ಒಂಬತ್ತು ವರ್ಷದ ಅನ್ವಿ, ಮತ್ತು ವೀಣಾ ಅವರ ತಾಯಿ ಸರೋಜ ಟೀಚರ್. ಟೀಚರ್ ನಂಜನಗೂಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು. ಆಗ ಅವರಿಗೆ ಅರವತ್ತೆಂಟು. ಒಂದು ದಿನ ವೀಣಾ ಮೆಟ್ಟಿಲ ಮೇಲೆ ನನ್ನನ್ನು ತಡೆದರು.

"ಅಮ್ಮಂಗೆ ಸಿಟಿಜನ್‌ಶಿಪ್ ಇಂಟರ್‌ವ್ಯೂ ಬಂದಿದೆ. ಸ್ವಲ್ಪ ಪ್ರಾಕ್ಟೀಸ್ ಮಾಡಿಸ್ತೀರಾ ಪ್ಲೀಸ್? ನನ್ ಮಾತು ಕೇಳಲ್ಲ ಅವ್ರು. ನೀವಾದ್ರೆ ಬೈಯೋದಕ್ಕೆ ಸಂಕೋಚ ಪಟ್ಕೋತಾರೆ."

ಸಂಕೋಚವೇನೂ ಪಡಲಿಲ್ಲ. ಮೊದಲ ದಿನವೇ ನನ್ನ ಕೈಯಲ್ಲಿ ನೋಟ್ಸ್ ಬರೆಸಿ, "ಎಡಗೈಯವರ ಗೆರೆಯೆಲ್ಲ ಹಿಂದಕ್ಕೆ ಬಿದ್ದಿರುತ್ತೆ, ನೋಡಿ, ಮಲಗೋಕೆ ಹೊರಟ ಹಾಗೆ" ಅಂದರು.

ಅವರಿಗೆ ಪೌರತ್ವ ಬೇಕಾಗಿದ್ದುದು ಇಲ್ಲಿರುವುದಕ್ಕಲ್ಲ, ಹೋಗುವುದಕ್ಕೆ. ಅಕ್ಕ ಕಮಲಮ್ಮ ನಂಜನಗೂಡಿನಲ್ಲಿದ್ದರು, ಕಣ್ಣು ಮಂಜಾಗುತ್ತಿತ್ತು. "ಇಬ್ರೂ ಸೇರಿ ಒಂದೆರಡು ವರ್ಷ ಸಮಾಧಾನವಾಗಿ ಜಗಳ ಆಡ್ಬೇಕು ಕಣಪ್ಪ" ಎನ್ನುತ್ತಿದ್ದರು. ಗ್ರೀನ್ ಕಾರ್ಡಿನವರು ಅಷ್ಟು ಕಾಲ ಹೊರಗಿದ್ದರೆ ಕಾರ್ಡಿಗೇ ಕುತ್ತು. ಹಿಂದಿನ ಸಲ ಏಳು ತಿಂಗಳಿದ್ದು ಬಂದಾಗ ವಿಮಾನ ನಿಲ್ದಾಣದಲ್ಲಿ, ನೀವು ವಾಸ ಇರುವುದು ಎಲ್ಲಿ, ಬಂದುಹೋಗುವುದು ಎಲ್ಲಿಗೆ ಎಂದು ಕೇಳಿದ್ದರಂತೆ. ಪೌರರಾದರೆ ಆ ಪ್ರಶ್ನೆಯೇ ಇಲ್ಲ, ಬೇಕಾದಷ್ಟು ದಿನ ನಂಜನಗೂಡಿನಲ್ಲಿರಬಹುದು. ಅಕ್ಕನ ಜೊತೆ ಇರಲು ಅಮೆರಿಕದವರಾಗಬೇಕಿತ್ತು. ಇದರಲ್ಲಿ ವಿಚಿತ್ರವೇನೂ ಅವರಿಗೆ ಕಾಣುತ್ತಿರಲಿಲ್ಲ.

ಪರೀಕ್ಷೆ ಬಾಯಿಮಾತಿನದು, ಒಂದೊಂದು ಪದದ ಉತ್ತರ ಸಾಕು. ಟೀಚರಿಗೆ ಅದೇ ಬರುತ್ತಿರಲಿಲ್ಲ. ನಮ್ಮ ಕಡೆಯ ಮೇಷ್ಟರುಗಳಿಗೆ ಮಾತ್ರ ಸಾಧ್ಯವಾದ ತಪ್ಪದು: ಒಂದು ಅಂಕದ ಪ್ರಶ್ನೆಗೆ ಐದು ಅಂಕದ ಉತ್ತರ. ರಷ್ಯಾದಿಂದ ಕೊಂಡ ಪ್ರದೇಶ ಯಾವುದು ಎಂದರೆ ಮೊದಲು ಪೀಠಿಕೆ, ಆಮೇಲೆ ಕಾರಣಗಳು, ಆಮೇಲೆ ಪರಿಣಾಮಗಳು. ಸೋಫಾದ ಮೇಲೆ ತಲೆಕೆಳಗಾಗಿ ಮಲಗಿದ ಅನ್ವಿ ಕೂಗುತ್ತಿದ್ದಳು: "ಅಜ್ಜೀ, ಜಸ್ಟ್ ಸೇ ಅಲಾಸ್ಕಾ!"

"ಹೇಳ್ತೀನಿ ಇರೇ. ಯಾಕೆ ಮಾರಿದ್ರು ಅಂತ ಗೊತ್ತಿಲ್ದೆ ಏನಂತ ಹೇಳ್ಲಿ?"

"ನೋಬಡಿ ಕೇರ್ಸ್ ವೈ!"

"ಅದೇ ಅವರ ತೊಂದ್ರೆ" ಎಂದು ಟೀಚರ್ ನನ್ನ ಕಡೆ ತಿರುಗಿದರು.

ಪ್ರಶ್ನೋತ್ತರಗಳ ಹಾಳೆಯನ್ನು ಎರಡನೆಯ ವಾರಕ್ಕೇ ಪಕ್ಕಕ್ಕಿಟ್ಟರು. ಅವರ ಹತ್ತಿರ ತಮ್ಮದೇ ಒಂದು ಪಾಠವಿತ್ತು. ಮೂವತ್ತು ವರ್ಷ ಮಾಡಿದ್ದು, ಜಪಾನಿನ ಏಳಿಗೆ. ಅಂಶ ಒಂದು, ಜನಸಂಖ್ಯೆಯ ಬೆಳವಣಿಗೆ. ಅಂಶ ಎರಡು, ಪ್ರದೇಶಗಳ ವಿಸ್ತರಣೆ. ಅಂಶ ಮೂರು, ಸೈನ್ಯದ ಸಂಘಟನೆ. "ಎಂಜಿನ್ ಓಡಿಸೋಕೆ ಕಲಿತ ದೇಶ ಎಲ್ಲಾ ಇದನ್ನೇ ಮಾಡೋದು. ಹೆಸರು ಬದಲಾಯಿಸಿದ್ರೆ ಸಾಕು, ನೋಟ್ಸ್ ಅದೇ" ಎಂದು ಜಪಾನ್ ಇದ್ದಲ್ಲೆಲ್ಲ ಅಮೆರಿಕ ಎಂದು ಹೇಳುತ್ತ ಹೋದರು. ಬಹುಮಟ್ಟಿಗೆ ಸರಿಯೂ ಹೋಯಿತು. ನಮ್ಮ ನ್ಯೂಕ್ಯಾಸಲ್ಲೇ ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಯ ಊರು. ಗಣಿ ಬಂದಿತು, ರೈಲು ಬಂದಿತು, ಎಲ್ಲೆಲ್ಲಿಂದಲೋ ಜನ ಬಂದರು.

"ಮೊದಲನೇ ಅಂಶದಲ್ಲಿ ನಾವೂ ಬರ್ತೀವಿ" ಎಂದರು ಒಂದು ದಿನ, ಕಿಟಕಿಯಾಚೆ ಹೊಸದಾಗಿ ಏಳುತ್ತಿದ್ದ ಮನೆಗಳ ಕಡೆ ಕೈ ಮಾಡಿ. "ನೀವು ಮೂರನೇದ್ರಲ್ಲೂ ಬರ್ತೀರಿ."

"ನಾನಾ?"

"ನಿಮ್ಮ ಬೋಲ್ಟು ಎಲ್ಲಿಗೆ ಹೋಗುತ್ತೆ?"

"ಹೆಚ್ಚಿನವು ಪ್ಯಾಸೆಂಜರ್ ವಿಮಾನಕ್ಕೆ, ಟೀಚರ್."

"ಮಿಕ್ಕಿದ್ದು?"

ನಾನು ಏನೋ ಹೇಳಿದೆ. ಗೊತ್ತಿಲ್ಲ ಎಂದೆನೋ, ನೋಡ್ಬೇಕು ಎಂದೆನೋ. ಈಗ ನೆನಪಿಲ್ಲ ಎಂದು ಬರೆದರೆ ನುಣುಪಾಗುತ್ತದೆ. ಗೊತ್ತಿತ್ತು, ಹೇಳಲಿಲ್ಲ.

ಎರಡನೆಯ ಅಂಶಕ್ಕಾಗಿ ನಕಾಶೆ. ವೀಣಾ ಹೊಸ ಟೀವಿ ತಂದಿದ್ದರು. ಅದರ ಡಬ್ಬವನ್ನು ಟೀಚರ್ ಕತ್ತರಿಸಿ, ಕೈಯಲ್ಲೇ ದೇಶದ ಗಡಿ ಎಳೆದರು. ಮೊದಲಿನ ಹದಿಮೂರು ರಾಜ್ಯಗಳಿಗೆ ಹಳದಿ. ದುಡ್ಡು ಕೊಟ್ಟು ಕೊಂಡದ್ದು ಹಸಿರು. ಯುದ್ಧ ಮಾಡಿ ತೆಗೆದುಕೊಂಡದ್ದು ಕೆಂಪು. ಒಪ್ಪಂದದಿಂದ ಬಂದದ್ದು ನೀಲಿ. ಅಡಿಪಟ್ಟಿ ಇಟ್ಟು ಮೇಲಿನಿಂದ ಕೆಳಕ್ಕೆ ನೇರ ಗೆರೆಗಳಲ್ಲಿ ಬಣ್ಣ ತುಂಬುತ್ತಿದ್ದರು. ಕೊನೆಗೆ ಉಳಿದದ್ದು ನಮ್ಮ ಮೂಲೆ. ಇಂಗ್ಲೆಂಡಿನ ಜೊತೆ ಒಪ್ಪಂದವಾಗಿ ಬಂದದ್ದು, ಆದ್ದರಿಂದ ನೀಲಿ ಎಂದು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಏನನ್ನಿಸಿತೋ, ಈ ಕಡೆಯ ಜಾಗ ಒಂದನ್ನೂ ನೋಡಿಲ್ಲ, ಎಲ್ಲಿಗಾದರೂ ಕರೆದುಕೊಂಡು ಹೋಗಿ ಅಂದರು.

ಮುಕಿಲ್ಟಿಯೊ ಎಂಬ ಕಡಲತೀರದ ಊರಿಗೆ ಕರೆದೊಯ್ದೆ. ಕಾರುಗಳನ್ನೂ ದಾಟಿಸುವ ಫೆರಿ ಹಡಗು ತೋರಿಸಿ, ಮೀನು ತಿನ್ನದವರಿಗೆ ಕರಿದ ಆಲೂಗಡ್ಡೆ ಕೊಡಿಸಿ ವಾಪಸ್ಸು ಬರುವ ಲೆಕ್ಕಾಚಾರ. ದಾರಿಯಲ್ಲಿ ಗುಡ್ಡದ ಮೇಲೆ ವಿಮಾನ ಕಟ್ಟುವ ದೊಡ್ಡ ಕಾರ್ಖಾನೆ. ಅದರ ಬಾಗಿಲುಗಳನ್ನು ಅವರು ಕತ್ತು ತಿರುಗಿಸಿ ನೋಡಿದರು. ಕೆಳಗೆ ದಡದ ಹತ್ತಿರ ಒಂದು ಫಲಕದ ಮುಂದೆ ನಿಂತರು. ಇಲ್ಲಿಯ ಮೂಲನಿವಾಸಿಗಳ ಮುಖಂಡರು ತಮ್ಮ ನೆಲವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಒಪ್ಪಿಗೆಯ ಗುರುತು ಹಾಕಿದ್ದು ಈ ಊರಿನಲ್ಲೇ. ಟೀಚರ್ ಪೂರ್ತಿ ಓದಿದರು. ಆಮೇಲೆ ಇನ್ನೊಂದು ಸಲ ಓದಿದರು. ಗಾಳಿಗೆ ಸೆರಗು ಸ್ವೆಟರಿನಿಂದ ಹೊರಬಂದು ಹಾರುತ್ತಿತ್ತು.

"ಒಪ್ಪಂದ ಅಂತ ಬರೆದಿದೆ" ಎಂದರು.

"ಹೂಂ, ನೀಲಿ."

"ಸುಮ್ನೆ ಕರೆದ್ರೆ ಬಂದು ಊರೆಲ್ಲಾ ಬಿಟ್ಟುಕೊಡ್ತಾರೇನಪ್ಪ ಯಾರಾದ್ರೂ? ಹಿಂದೆ ಸೈನ್ಯ ನಿಂತಿರ್ಲಿಲ್ವಾ?" ಫೆರಿ ಕೂಗಿತು. "ಇದಕ್ಕೆ ನೀಲಿನೋ ಕೆಂಪೋ?"

"ಇಂಟರ್‌ವ್ಯೂ ಮಾಡೋ ಆಫೀಸರ್ ಈ ಮೂಲೆ ಕೇಳಲ್ಲ, ಟೀಚರ್."

"ಅವರು ಕೇಳ್ದೆ ಇದ್ರೆ ಗೊತ್ತಾಗಿಬಿಡುತ್ತಾ ನಂಗೆ?"

ಅವತ್ತು ಮನೆಗೆ ಬಂದು ಮೂಲೆಯನ್ನು ಖಾಲಿ ಬಿಟ್ಟರು. ನನ್ನ ಊಟದ ಮೇಜಿನ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ನಿಜವಾದ ತೊಡಕು ಇದಾದ ಮೇಲೆ ಬಂದದ್ದು.

ಅರ್ಜಿಯ ಕೊನೆಗೆ ಒಂದು ಪ್ರಶ್ನೆಯಿದೆ. ಕಾನೂನು ಬಯಸಿದರೆ ಈ ದೇಶದ ಪರವಾಗಿ ಆಯುಧ ಹಿಡಿಯಲು ಸಿದ್ಧರಿದ್ದೀರಾ? ವೀಣಾ ಅರ್ಜಿ ತುಂಬುವಾಗ ಅಮ್ಮನನ್ನು ಕೇಳದೆ ಹೌದು ಎಂದು ಒತ್ತಿದ್ದರು. ಆಫೀಸರ್ ಅದನ್ನು ಎದುರಿಗೆ ಕೂರಿಸಿ ಮತ್ತೆ ಕೇಳುತ್ತಾರೆ. ನಾನು ಆಫೀಸರನಾಗಿ ಕೇಳಿದಾಗ ಟೀಚರ್ ಸ್ಕೆಚ್ ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತರು.

"ಎಸ್ ಅಂದ್ಬಿಡಿ, ಟೀಚರ್. ನಿಮ್ಮ ವಯಸ್ಸಿನವರ ಕೈಗೆ ಯಾರೂ ಬಂದೂಕು ಕೊಡಲ್ಲ."

"ಕೊಡಲ್ಲ ಅಂತ ಗೊತ್ತಿರೋದ್ರಿಂದ ಎಸ್ ಅನ್ನೋದು ಸುಲಭ. ಕೊಡ್ತಾರೆ ಅಂದ್ರೆ ನೀವು ಏನಂತೀರಿ?"

"ನಾನೂ ಎಸ್ ಅಂತೀನಿ."

"ಎಷ್ಟು ಬೇಗ ಅಂದ್ರಿ ನೋಡಿ."

ಒಳಗಿನಿಂದ ವೀಣಾ, "ಅಮ್ಮಾ, ನೋ ಅಂದ್ರೆ ಕ್ಯಾನ್ಸಲ್ ಆಗುತ್ತೆ. ಆಮೇಲೆ ಆರಾರು ತಿಂಗಳಿಗೆ ಓಡಿ ಬರ್ತಾ ಇರು. ದೊಡ್ಡಮ್ಮಂಗೆ ನೀನೇ ಹೇಳ್ಕೋ" ಎಂದರು. ಟೀಚರ್ ಸ್ಕೆಚ್ ಪೆನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಸೇರಿಸಿ, ಕಾಫಿಗೆ ಇಡುತ್ತೇನೆಂದು ಎದ್ದು ಹೋದರು. ಅದು ಇಂಟರ್‌ವ್ಯೂನ ಹಿಂದಿನ ದಿನದ ಸಂಜೆ.

ಮರುದಿನ ಟಕ್ವಿಲಾ ಊರಿನ ಇಮಿಗ್ರೇಶನ್ ಆಫೀಸಿಗೆ ನಾನೇ ಡ್ರೈವ್ ಮಾಡಿದೆ. ಒಳಗಿನ ಕೋಣೆ ನನಗೆ ಸ್ಪಷ್ಟವಾಗಿ ನೆನಪಿದೆ: ನೀಲಿ ಟೈ ಕಟ್ಟಿದ ಆಫೀಸರ್, ಅವನು ಪೆನ್ನನ್ನು ಬೆರಳುಗಳ ನಡುವೆ ತಿರುಗಿಸುವುದು, ಟೀಚರ್ ಚಪ್ಪಲಿಯನ್ನು ಕುರ್ಚಿಯ ಕೆಳಗೆ ಬಿಟ್ಟಿರುವುದು. ನಾನು ಆ ಕೋಣೆಯೊಳಗೆ ಹೋಗಿರಲೇ ಇಲ್ಲ. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಆಫೀಸರ್ ಹೆಂಗಸು ಎಂದು ಟೀಚರ್ ಕಾರಿನಲ್ಲೇ ಹೇಳಿದ್ದರು. ಆದರೂ ನೀಲಿ ಟೈ ಹೋಗುವುದಿಲ್ಲ.

"ಪ್ರಶ್ನೆ ಎಲ್ಲಾ ಸರಿ ಆಯ್ತು" ಎಂದರು ಬೆಲ್ಟು ಹಾಕಿಕೊಳ್ಳುತ್ತ. "ಅಲಾಸ್ಕಾ ಅಂತ ಒಂದೇ ಮಾತು ಹೇಳ್ದೆ. ಅನ್ವಿಗೆ ಹೇಳ್ಬೇಕು."

"ಬಂದೂಕಿಂದು?"

"ಇಲ್ಲ ಅಂದೆ. ಗಾಯ ಆದೋರಿಗೆ ನೀರು ಕೊಡ್ತೀನಿ, ಅಡುಗೆ ಮಾಡಿ ಹಾಕ್ತೀನಿ, ಬಂದೂಕು ಹಿಡಿಯಲ್ಲ ಅಂದೆ. ಅರ್ಜೀಲಿ ಎಸ್ ಅಂತ ಇದೆಯಲ್ಲ ಅಂದ್ರು. ಅದು ನನ್ನ ಮಗಳ ಉತ್ತರ, ಇದು ನಂದು ಅಂದೆ."

ನನಗೆ ಸಿಟ್ಟು ಬಂದಿತು. "ಒಂದು ಮಾತಿಗೆ ನಿಮ್ಮ ಅಕ್ಕನ್ನ ಬಿಟ್ಕೊಟ್ರಲ್ಲ, ಟೀಚರ್!"

ಹೈವೇ ಇಳಿಯುವ ಹೊತ್ತಿಗೆ ಟೀಚರ್ ರಸ್ತೆ ನೋಡುತ್ತಲೇ ಹೇಳಿದರು: "ಮೂರನೇ ಅಂಶದ ಕೆಳಗೆ 'ಕಡ್ಡಾಯ ಸೈನ್ಯಸೇವೆ ಜಾರಿಗೆ ಬಂದಿತು' ಅಂತ ಮೂವತ್ತು ವರ್ಷ ಬರೆಸಿದೀನಿ. ಯಾರ ಮನೆಯಿಂದ ಯಾರು ಹೋದ್ರು, ಹೋಗಲ್ಲ ಅಂದೋರು ಏನಾದ್ರು, ಮಕ್ಕಳು ಕೇಳ್ಲಿಲ್ಲ, ನಾನೂ ಯೋಚ್ನೆ ಮಾಡ್ಲಿಲ್ಲ. ಒಂದು ಮಾರ್ಕು ಅಷ್ಟೆ. ನೀನು ಹೋಗ್ತೀಯಾ ಅಂತ ನನ್ನನ್ನ ಒಬ್ರು ಕೇಳಿದ್ದು ಇದೇ ಮೊದಲು. ಕೇಳಿದ್ಮೇಲೆ ನಿಜ ಹೇಳ್ಬೇಕಲ್ವೇನಪ್ಪ?"

ಆಯುಧ ಹಿಡಿಯಲೊಲ್ಲದವರಿಗೆ ಬೇರೆ ಮಾತುಗಳ ಪೌರತ್ವ ಪ್ರತಿಜ್ಞೆ ಕಾನೂನಿನಲ್ಲೇ ಇದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ನಿಮ್ಮ ನಂಬಿಕೆ ಏನೆಂದು ಬರೆದು ತಿಳಿಸಿ ಎಂದು ಕಾಗದ ಬಂದಿತು. ಟೀಚರ್ ಪೀಠಿಕೆ, ಉಪಸಂಹಾರ ಎರಡೂ ಇಲ್ಲದ ಅರ್ಧ ಪುಟ ಬರೆದರು. ನನಗೆ ತೋರಿಸಲಿಲ್ಲ. ಒಂದು ಚಳಿಗಾಲ ಪೂರ್ತಿ ಉತ್ತರವಿಲ್ಲ. ಆ ದಿನಗಳಲ್ಲಿ ಅಂಚೆ ಡಬ್ಬದ ಹತ್ತಿರ ಅವರು ನಿಂತಿರುವುದು ಕಂಡರೆ ನಾನು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದೆ. ಕೊನೆಗೆ ಕರೆ ಬಂದಿತು, ಆಯುಧದ ಸಾಲು ಬಿಟ್ಟು ಪ್ರತಿಜ್ಞೆ ಮಾಡಿದರು. ಮುಂದಿನ ತಿಂಗಳೇ ನಂಜನಗೂಡಿಗೆ ಹೊರಟರು. ಹೊರಡುವಾಗ ರಟ್ಟನ್ನು ನನಗೆ ಕೊಟ್ಟು, "ನಿಮ್ಮ ಸರದಿ ಬಂದಾಗ ಬೇಕಾಗುತ್ತೆ" ಎಂದರು. ಈಗಲೂ ಅಲ್ಲೇ ಇದ್ದಾರೆ, ಅಕ್ಕನ ಜೊತೆ ಜಗಳವಾಡಿಕೊಂಡು.

ಇಷ್ಟನ್ನೂ ಮನಸ್ಸಿನಲ್ಲೇ ಹೇಳಿಕೊಂಡು, ನಾನು ಹೇಳಿದ್ದಕ್ಕೆ ಒಂದು ಸಾಕ್ಷಿ ಇರಲಿ ಎಂದು ಕೋಟುಗಳನ್ನು ಸರಿಸಿ ರಟ್ಟನ್ನು ತಿರುಗಿಸಿದೆ.

ಮೂಲೆ ಖಾಲಿ ಇರಲಿಲ್ಲ. ನೀಲಿ.

ಬೆಳಕಿಗೆ ತಂದು ನೋಡಿದೆ. ಉಳಿದ ಎಲ್ಲ ಕಡೆ ಅಡಿಪಟ್ಟಿಯ ನೇರ ಗೆರೆಗಳು. ಈ ಮೂಲೆಯಲ್ಲಿ ಮಾತ್ರ ಗೆರೆಗಳು ಅವಸರದವು, ಗಡಿ ದಾಟಿ ಸಮುದ್ರಕ್ಕೂ ಚಾಚಿದಂಥವು, ಎಲ್ಲವೂ ಒಂದೇ ಕಡೆಗೆ ಹಿಂದಕ್ಕೆ ಬಿದ್ದಂಥವು. ನಾನು ಎಡಚ. ಬಣ್ಣ ಹಚ್ಚಿದ ನೆನಪು ಮಾತ್ರ ಎಷ್ಟು ಕೆದಕಿದರೂ ಇಲ್ಲ. ಅವರು ಕಾಫಿಗೆಂದು ಎದ್ದು ಹೋದ ಸಂಜೆ ಇರಬಹುದು ಎಂದು ಊಹಿಸಬಲ್ಲೆ ಅಷ್ಟೆ.

ನಂಜನಗೂಡಿನಲ್ಲಿ ಇನ್ನೂ ಮಲಗುವ ಹೊತ್ತಾಗಿರಲಿಲ್ಲ. ಕಾಲ್ ಮಾಡಿದೆ.

"ಟೀಚರ್, ಆ ನಕಾಶೆಯ ಮೂಲೆಗೆ ನೀಲಿ ಹಚ್ಚಿದ್ದು ನಾನಾ?"

"ಮತ್ತಿನ್ಯಾರು? ಗೆರೆ ಎಲ್ಲಾ ಮಲಗೋಕೆ ಹೊರಟಿರ್ಲಿಲ್ವಾ?" ಹಿಂದಿನಿಂದ ಕಮಲಮ್ಮ, ಯಾರೇ ಅದು, ಇಷ್ಟೊತ್ತಲ್ಲಿ ಎಂಥಾ ನಕಾಶೆಯೇ ಎಂದು ಗದರಿದರು. "ಸುಮ್ನಿರಕ್ಕ, ಅಮೆರಿಕದ್ದು."

"ನೋಡಿದ್ರೂ ಯಾಕೆ ಏನೂ ಅನ್ಲಿಲ್ಲ?"

"ಅವತ್ತು ಪರೀಕ್ಷೆ ನಂದಾಗಿತ್ತಲ್ಲಪ್ಪ" ಎಂದರು.

ಕಂಪ್ಯೂಟರಿನ ಮುಂದೆ ಬಂದು ಕೂತೆ. ಹೌದು, ಇಲ್ಲ ಎಂಬ ಪುಟಕ್ಕೆ ಹಿಂದಿರುಗಿದೆ. ಆಯುಧದ ಪ್ರಶ್ನೆಯ ಎದುರು ಬೆಳಿಗ್ಗೆಯ ಗುರುತು ಕೂತಿತ್ತು, ಹೌದು. ಅದರ ಮೇಲೆ ಮತ್ತೆ ಒತ್ತಿ ತೆಗೆಯಲು ನೋಡಿದೆ, ಹೋಗಲಿಲ್ಲ. ಅದು ಇರುವುದೇ ಹಾಗೆ: ಒಮ್ಮೆ ಒತ್ತಿದ ಮೇಲೆ ಹೌದಿನಿಂದ ಇಲ್ಲಕ್ಕೆ, ಇಲ್ಲದಿಂದ ಹೌದಿಗೆ ಓಡಾಡಬಹುದು. ಖಾಲಿ ಮಾತ್ರ ಮಾಡಲಾಗದು. ಸ್ವಲ್ಪ ಹೊತ್ತು ಹಾಗೆ ಓಡಾಡಿದೆ. ಆಮೇಲೆ ಅರ್ಜಿಯನ್ನು ಪೂರ್ತಿ ಅಳಿಸಿ ಹೊಸದೊಂದನ್ನು ತೆರೆದೆ. ರಟ್ಟನ್ನು ಮೇಜಿನ ಎದುರಿಗೆ ಒರಗಿಸಿ, ಮೊದಲ ಪುಟದಲ್ಲಿ ನನ್ನ ಹೆಸರು ಬರೆದೆ, ಹುಟ್ಟಿದ ಊರು ಬರೆದೆ, ಪ್ರತಿ ಸಾಲನ್ನೂ ಎರಡೆರಡು ಸಲ ಓದುತ್ತ.