ಹುಳದ ಮನೆಯ ಕರ್ನಲ್

ಮಧುಗಿರಿಯ ಮನೆಯಲ್ಲಿ ಕೂತು ನಾನು ಏನು ಕೆಲಸ ಮಾಡುತ್ತೇನೆ ಅಂತ ಪಕ್ಕದ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಕಂಪ್ಯೂಟರ್ ರಿಪೇರಿ ಅಂದುಕೊಂಡು ಒಂದು ಸಲ ಕೆಟ್ಟ ಮಿಕ್ಸಿ ತಂದು ಕೊಟ್ಟಿದ್ದರು. ನನಗೆ ಮಿಕ್ಸಿಯ ತಲೆಬುಡ ಗೊತ್ತಿಲ್ಲ. ನನ್ನದು ಕಂಪ್ಯೂಟರಿನ ಹೊಟ್ಟೆಯೊಳಗಿನ ಕರ್ನಲ್ ಎಂಬ ಪ್ರೋಗ್ರಾಮಿನ ಕೆಲಸ. ಛತ್ರದಲ್ಲಿ ಉಗ್ರಾಣ ನೋಡಿಕೊಳ್ಳುವವನ ಹಾಗೆ ಅದು. ಕೇಳಿದವರಿಗೆಲ್ಲ ಮೆಮೊರಿಯಲ್ಲಿ ಜಾಗ ಕೊಡಬೇಕು, ಅವರ ಕೆಲಸ ಮುಗಿದ ಮೇಲೆ ವಾಪಸ್ ಪಡೆಯಬೇಕು. ಕೊಟ್ಟ ಜಾಗ ವಾಪಸ್ ಬರದಿದ್ದರೆ ಮೆಮೊರಿ ದಿನದಿಂದ ದಿನಕ್ಕೆ ಸೋರಿಹೋಗುತ್ತದೆ. ಒಂದೇ ಜಾಗ ಎರಡು ಸಲ ವಾಪಸ್ ಬಂದರೆ ಯಂತ್ರ ಅಲ್ಲೇ ಬಿದ್ದುಹೋಗುತ್ತದೆ. ಇಂಥ ತಪ್ಪುಗಳನ್ನು ಹುಡುಕಿ ತಿದ್ದುವುದೇ ನನ್ನ ಹೊಟ್ಟೆಪಾಡು. ಕರ್ನಲನ್ನು ಎಲ್ಲೆಲ್ಲಿಯದೋ ಸಾವಿರಾರು ಜನ ಸೇರಿ ಬರೆಯುತ್ತಾರೆ, ಅದೇ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಓಡುತ್ತದೆ. ಬೇರೆಯವರು ಬರೆದ ಸಾಲು ಓದುತ್ತ ‘ಯಾವ ಪುಣ್ಯಾತ್ಮ ಬರೆದನಪ್ಪಾ ಇದನ್ನ’ ಅಂತ ಬೈದುಕೊಳ್ಳುವುದೂ ನನ್ನ ಕೆಲಸದ ಒಂದು ಭಾಗ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಏನು ಮಾಡುವುದು.

ಹೋದ ವರ್ಷ ಶಿರಾದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿರುವ ಸಾಹೇಬರೊಬ್ಬರು ಫೋನ್ ಮಾಡಿದರು. ಚಾಕಿ ಕೇಂದ್ರಗಳಿಗೆ, ಅಂದರೆ ರೇಷ್ಮೆಯ ಮರಿಹುಳುಗಳನ್ನು ಮೊದಲ ಕೆಲವು ದಿನ ಸಾಕಿ ರೈತರಿಗೆ ಕೊಡುವ ಕಡೆಗೆ, ಅವರು ಒಂದು ಡಬ್ಬಿ ಮಾಡಿಕೊಡುತ್ತಾರೆ. ಅದರೊಳಗೆ ಒಂದು ಪುಟ್ಟ ಕಂಪ್ಯೂಟರು, ಹೊರಗೆ ನಾಲ್ಕು ಸೆನ್ಸರು. ಕೋಣೆ ಒಣಗಿದರೆ ಅದೇ ಹಬೆ ಯಂತ್ರ ಹಾಕುತ್ತದೆ, ಕರೆಂಟು ಹೋದರೂ ಬ್ಯಾಟರಿಯಲ್ಲಿ ಓಡುತ್ತದೆ.

“ಮೇಡಂ, ಕೊಳಾಲದಲ್ಲಿ ನಮ್ ಡಬ್ಬಿ ಮೂರ್ ಮೂರ್ ವಾರಕ್ಕೆ ನಿಂತೋಗ್ತಿದೆ. ವೈರು ಗೀರು ಎಲ್ಲಾ ಬರಾಬರ್ ಇದೆ, ನಾನೇ ನೋಡ್ದೆ. ಎರಡು ಬ್ಯಾಚ್ ಹುಳ ಸತ್ತೋಯ್ತು. ಆ ಹೆಣ್ಣುಮಗಳ ಮೇಲೆ ಹಾಕ್ತಾವ್ರೆ, ಬೇಚಾರಿ,” ಅಂದರು.

ಆ ಹೆಣ್ಣುಮಗಳು ಹುಳದ ಮನೆಯನ್ನು ಹತ್ತು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದವಳು. ಈಗ ಅವಳ ಗಂಡನ ಅಣ್ಣ, ಇವಳೇ ಏನೋ ಮಾಡಿ ಮೆಷಿನ್ನು ಕೆಡಿಸುತ್ತಾಳೆ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಇನ್ನೊಂದು ಬ್ಯಾಚ್ ಹೋದರೆ ಹುಳದ ಮನೆ ಅವಳ ಕೈಯಿಂದ ಬಿಡಿಸಿ ತಮ್ಮ ಅಳಿಯನಿಗೆ ವಹಿಸುವುದಾಗಿ ಮನೆಮಂದಿಯ ಮುಂದೆ ಹೇಳಿಯೂ ಆಗಿತ್ತು.

ಡಬ್ಬಿಯೊಳಗೆ ದಾಖಲಾಗಿದ್ದನ್ನು ಸಾಹೇಬರು ಕಳಿಸಿದರು, ನೋಡಿದೆ. ಮೆಮೊರಿ ದಿನಾ ಒಂದಿಷ್ಟು ಸೋರಿ ಸೋರಿ ಕೊನೆಗೆ ಖಾಲಿ. ಜಾಗ ಸಾಲದಾದಾಗ ಕರ್ನಲ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಹಾಳಾದ್ದು ಎರಡು ಸಲವೂ ಹಬೆ ಯಂತ್ರ ನೋಡಿಕೊಳ್ಳುವುದನ್ನೇ ಕೊಂದಿತ್ತು. ಅಂಥದ್ದೇ ಇನ್ನೊಂದು ಡಬ್ಬಿ ತರಿಸಿಕೊಂಡು ಮನೆಯಲ್ಲಿ ಹತ್ತು ದಿನ ಓಡಿಸಿದೆ. ಒಂದು ಹನಿ ಸೋರಲಿಲ್ಲ! ಹನ್ನೊಂದನೇ ದಿನ ಸಿಟ್ಟು ಬಂದು ಕೊಳಾಲದ ಬಸ್ಸು ಹತ್ತಿದೆ.

ನಾನು ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ಲ್ಯಾಪ್‌ಟಾಪನ್ನು ಡಬ್ಬಿಗೆ ಸಿಕ್ಕಿಸಿ ಸಂಜೆಯವರೆಗೂ ಮೆಮೊರಿಯಲ್ಲಿ ಉಳಿದ ಜಾಗದ ಅಂಕಿಯನ್ನೇ ನೋಡುತ್ತ ಕೂತೆ. ಅಂಕಿ ಅಲ್ಲಾಡಲಿಲ್ಲ. ಹುಳದ ಮನೆಯ ಹೆಣ್ಣುಮಗಳು ಮುದ್ದೆ, ಉಪ್ಪುಸಾರು ಬಡಿಸಿ, “ನಾನು ಅದ್ರ ಗುಂಡಿ ಗಿಂಡಿ ಏನೂ ಒತ್ತಲ್ಲ ಮೇಡಂ, ದೇವ್ರಾಣೆ,” ಅಂದಳು. ಆಕೆಯ ಭಾವ ಎರಡು ಸಲ ಬಂದು ಇಣುಕಿ, “ಏನಾರ ಸಿಕ್ತಾ?” ಅಂತ ಕೇಳಿ ಹೋದರು. ಮುಖದಲ್ಲಿ ನಗು ಬೇರೆ. ಮೈ ಉರಿದುಹೋಯಿತು ನನಗೆ.

ಮಾರನೇ ದಿನ ಹಟ ಹಿಡಿದು ಮೊದಲನೇ ಬಸ್ಸಿಗೇ ಹೋದೆ. ಆಕೆ ಆಗ ತಾನೇ ಹುಳದ ಮನೆಯ ಬಾಗಿಲು ತೆಗೆದಿದ್ದಳು. ಕೈಕಾಲು ತೊಳೆದು ಒಳಗೆ ಹೋದೆವು. ನಾನು ಲ್ಯಾಪ್‌ಟಾಪ್ ಸಿಕ್ಕಿಸುತ್ತಲೇ ಆಕೆ ನಾಲ್ಕೂ ಸೆನ್ಸರಿನ ಪಿನ್ನು ಪಟಪಟ ಅಂತ ಕಿತ್ತಳು. ಔಷಧಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ಡಬ್ಬಿಯ ಹಣೆಗೆ ಕುಂಕುಮ ಇಟ್ಟು, ಕೈಮುಗಿದು, ಮತ್ತೆ ಪಿನ್ನು ಸಿಕ್ಕಿಸಿದಳು. ನನ್ನ ಪರದೆಯ ಮೇಲೆ ಅಂಕಿ ನಾಲ್ಕು ಸಲ ಜರ್ರನೆ ಇಳಿಯಿತು.

“ಸಿಕ್ತೂ!” ಅಂತ ಕಿರುಚಿದೆ.

“ಶ್! ಹುಳ ಜ್ವರಕ್ಕೆ ಕೂತವೆ, ಮೆತ್ತಗೆ,” ಅಂತ ಗದರಿದಳು. ಹುಳ ಸೊಪ್ಪು ತಿನ್ನುವುದು ಬಿಟ್ಟು ಪೊರೆ ಕಳಚುವ ದಿನಗಳಿಗೆ ಇಲ್ಲಿ ಜ್ವರ ಅನ್ನುತ್ತಾರೆ. ಆಗ ಗಲಾಟೆ ಕೂಡದು.

“ದಿನಾ ಹಿಂಗೆ ಕೀಳ್ತೀಯೇನಮ್ಮ?”

“ಹೂಂ ಮತ್ತೆ. ಹುಳದ ಮನೇಲಿ ಏನಿದ್ರೂ ಬೆಳಗ್ಗೆದ್ದು ಒರೆಸ್ಬೇಕು. ಕರೆಂಟ್ ಇರೋದಕ್ಕೆ ಒದ್ದೆ ಬಟ್ಟೆ ಇಡಕ್ಕಾಯ್ತದಾ? ಅದ್ಕೇ ಕಿತ್ತು ಒರೆಸೋದು.” ಇಷ್ಟು ಹೇಳಿದವಳ ಮುಖ ಸಪ್ಪಗಾಯಿತು. “ಅಂಗಾರೆ ನನ್ನಿಂದ್ಲೇ ಆಗಿದ್ದಾ ಮೇಡಂ?”

ಗುಂಡಿ ಒತ್ತಿದೆಯಾ ಅಂತ ಎಲ್ಲರೂ ಕೇಳಿದ್ದರು. ಬೆಳಗ್ಗೆ ಏನೇನು ಮಾಡುತ್ತೀಯ ಅಂತ ನಾನೂ ಸೇರಿ ಒಬ್ಬರೂ ಕೇಳಿರಲಿಲ್ಲ. ಆಕೆಯ ಮುಖ ನೋಡಿ ನನಗೆ ಸಂಕಟವಾಯಿತು. “ನಿಂದೇನೂ ತಪ್ಪಿಲ್ಲ. ಪಿನ್ನು ಇರೋದೇ ಕೀಳೋದಕ್ಕೆ, ಹಾಕೋದಕ್ಕೆ. ಕಿತ್ತಾಗ ಜಾಗ ವಾಪಸ್ ಕೊಡೋದನ್ನ ಯಾವನೋ ಅಡ್ಡಕಸುಬಿ ಮರೆತವ್ನೆ. ಅವನ್ಯಾರು ಅಂತ ಈಗಲೇ ಹಿಡೀತೀನಿ ಇರು,” ಅಂದೆ.

ಹೊರಗಿನ ಜಗಲಿಯಲ್ಲಿ ಕೂತು ಆ ಸೆನ್ಸರನ್ನು ನೋಡಿಕೊಳ್ಳುವ ಭಾಗ ತೆರೆದೆ. ಅರ್ಧ ಗಂಟೆ ಹಿಡಿಯಿತು. ಪಿನ್ನು ಕಿತ್ತಾಗ ಜಾಗ ವಾಪಸ್ ಕೊಡುವ ಒಂದು ಸಾಲು ಮೊದಲು ಇತ್ತು, ಆರು ವರ್ಷದ ಹಿಂದೆ ಯಾರೋ ತೆಗೆದುಹಾಕಿದ್ದರು. ಕರ್ನಲಿನಲ್ಲಿ ಯಾವ ಸಾಲನ್ನು ಯಾರು ಮುಟ್ಟಿದರು ಎಂಬುದು ದಾಖಲಾಗಿರುತ್ತದೆ. ಬೈಗುಳ ಬಾಯಲ್ಲಿ ಸಿದ್ಧ ಮಾಡಿಕೊಂಡೇ ದಾಖಲೆ ತೆಗೆದೆ. ನನ್ನ ಹೆಸರು. ನಮ್ಮಪ್ಪ ಇಟ್ಟ ಹೆಸರು, ಇನಿಷಿಯಲ್ ಸಮೇತ.

ನೆನಪು ಬಂತು. ಒಂದೇ ಜಾಗ ಎರಡು ಸಲ ವಾಪಸ್ ಹೋಗುತ್ತಿದೆ ಅಂತ ಯಾರೋ ದೂರು ಕೊಟ್ಟಿದ್ದರು. ವಾಪಸ್ ಕೊಡುವ ಎರಡು ಸಾಲಿನಲ್ಲಿ ಒಂದನ್ನು ತೆಗೆದು, ಸರಿಯಾಯಿತು ಅಂತ ಕೈತೊಳೆದುಕೊಂಡಿದ್ದೆ. ಓಡುತ್ತಿರುವಾಗಲೇ ಪಿನ್ನು ಕಿತ್ತರೆ ಏನಾಗುತ್ತದೆ ಅಂತ ನೋಡಿರಲೇ ಇಲ್ಲ. ಯಾರು ಕೀಳುತ್ತಾರೆ ಬಿಡು ಅಂದುಕೊಂಡಿರಬೇಕು. ಆಹಾ, ನನ್ನ ಬುದ್ಧಿಯೇ! ನಗು ಬಂತು, ನಾಚಿಕೆಯೂ ಆಯಿತು.

ಅಷ್ಟರಲ್ಲಿ ಭಾವ ಬಂದರು. ಆಕೆ ತಾನಾಗಿಯೇ, “ಭಾವ, ನಾನು ದಿನಾ ಪಿನ್ನು ಕಿತ್ತು ಒರೆಸ್ತಿದ್ನಲ್ಲ, ಅದ್ರಿಂದ ಆಗ್ತಿತ್ತಂತೆ,” ಅಂದುಬಿಟ್ಟಳು. ಮುಚ್ಚಿಡುವ ಜಾಯಮಾನವೇ ಅವಳದಲ್ಲ.

“ನಾನ್ ಹೇಳ್ಲಿಲ್ವಾ? ಇವ್ಳೇ ಕೆಡಿಸಿರೋದು ಅಂತ!”

“ಸ್ವಾಮೀ, ಕೆಡಿಸಿರೋಳು ನಾನು,” ಅಂದೆ. ದನಿ ಸ್ವಲ್ಪ ಜೋರೇ ಆಯಿತು. “ಆರು ವರ್ಷದ ಹಿಂದೆ ಮಧುಗಿರೀಲಿ ಕೂತ್ಕೊಂಡು ಕೆಡಿಸಿದ್ದೀನಿ. ಇಲ್ಲಿ ನೋಡಿ, ನನ್ನ ಹೆಸರಿದೆ. ಈಕೆ ಒರೆಸಿದ್ದು ಸರಿ, ಕಿತ್ತಿದ್ದು ಸರಿ. ಬೈಯೋದಿದ್ರೆ ನನಗೆ ಬೈಯಿರಿ.”

ಅವರಿಗೆ ನಂಬಿಕೆ ಬರಲಿಲ್ಲ. ತೆಗೆದ ಸಾಲನ್ನು ಸರಿಯಾದ ಜಾಗಕ್ಕೆ ವಾಪಸ್ ಹಾಕಿದೆ. ಹೊಸ ಕರ್ನಲ್ ತಯಾರಾಗುವಷ್ಟರಲ್ಲಿ ಕಾಫಿ ಆಯಿತು, ತಿಂಡಿಯೂ ಆಯಿತು. ಎರಡು ನಿಮಿಷ ಡಬ್ಬಿ ಆರಿಸಬೇಕು ಅಂದಾಗ ಆಕೆ ಹುಳದ ತಟ್ಟೆಗಳನ್ನು ಒಮ್ಮೆ ನೋಡಿ, “ಆರ್ಸಿ, ಏನೂ ಆಗಲ್ಲ,” ಅಂದಳು. ಮತ್ತೆ ಹಚ್ಚಿದ ಮೇಲೆ ಭಾವನ ಕೈಗೇ ಪಿನ್ನು ಕೊಟ್ಟೆ.

“ನೀವೇ ಕೀಳಿ. ಸಾಕು ಅನ್ನೋವರೆಗೂ ಕೀಳಿ, ಹಾಕಿ.”

ಅವರು ಶುರುಮಾಡಿದರು. ಇಪ್ಪತ್ತು, ಮೂವತ್ತು, ನಲವತ್ತು. ಬೆವರಿಳಿಯಿತು, ಆದರೂ ಬಿಡಲಿಲ್ಲ. ಒಂದೊಂದು ಸಲ ಕಿತ್ತಾಗಲೂ ಅಂಕಿ ಇದ್ದಲ್ಲಿಗೇ ವಾಪಸ್ ಬಂದು ನಿಲ್ಲುತ್ತಿತ್ತು. ಆಕೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಕೊನೆಗೆ ಭಾವ ಪಿನ್ನು ಕೆಳಗಿಟ್ಟು, “ಸರಿ ಬುಡಮ್ಮ, ಹುಳದ ಮನೆ ನೀನೇ ನೋಡ್ಕ. ಅಳಿಯನ್ಗೆ ನಾನ್ ಹೇಳ್ತೀನಿ,” ಅಂದು ಹೊರಗೆ ಹೋಗಿ ಜಗಲಿಯ ಆ ತುದಿಯಲ್ಲಿ ಕೂತರು.

ನಾನು ತಿದ್ದುಪಡಿಯನ್ನು ಹೊಸ ಕರ್ನಲಿಗೆ ಮಾತ್ರ ಕಳಿಸಿ ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಅಂತ ಇದ್ದೆ. ಹಳೆಯ ಕರ್ನಲುಗಳು ಹತ್ತಾರು ಥರದವು ಇನ್ನೂ ಓಡುತ್ತಿರುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಹೊಂದಿಸಬೇಕು, ತಲೆನೋವಿನ ಕೆಲಸ. ಆಕೆ ಪಕ್ಕದಲ್ಲಿ ಬಂದು ಕೂತಳು.

“ಮೇಡಂ, ಈ ಸೆನ್ಸರು ಬೇರೆ ಕಡೀಕೂ ಇರ್ತಾವಾ?”

“ಬೇಕಾದಷ್ಟು ಕಡೆ ಇರ್ತವೆ.”

“ಅಂಗಾರೆ ಈ ಆರು ವರ್ಷದಾಗೆ ನನ್ನಂಗೆ ಇನ್ನೆಷ್ಟ್ ಜನ ಬೈಸ್ಕಂಡ್ರೋ ಪಾಪ.”

ಮಧ್ಯಾಹ್ನದ ಬಸ್ಸು ಬಿಟ್ಟೆ. ಅದೇ ಜಗಲಿಯಲ್ಲಿ ಕೂತು ಹಳೆಯದಕ್ಕೆಲ್ಲ ಒಂದೊಂದಾಗಿ ಹೊಂದಿಸಿದೆ. ದೋಷ ಕಂಡುಹಿಡಿದವರ ಹೆಸರನ್ನು ತಿದ್ದುಪಡಿಯ ಜೊತೆ ಬರೆಯುವುದು ಕರ್ನಲ್ ಮಂದಿಯ ರೂಢಿ. ಆಕೆಯ ಪೂರ್ತಿ ಹೆಸರು ಕೇಳಿ ನನ್ನ ಹೆಸರಿಗಿಂತ ಮೇಲಿನ ಸಾಲಿನಲ್ಲಿ ಬರೆದೆ. ಕಳಿಸುವ ಮುಂಚೆ ಏನು ಬರೆದಿದ್ದೀರಿ ಓದಿ ಹೇಳಿ ಅಂದಳು. ಕನ್ನಡದಲ್ಲಿ ಹೇಳಿದೆ: ಪಿನ್ನು ಕಿತ್ತರೆ ಮೆಮೊರಿ ಸೋರುತ್ತಿತ್ತು, ಈಗ ಸರಿಮಾಡಿದೆ, ಕೀಳುವವರದು ಏನೂ ತಪ್ಪಿಲ್ಲ.

“ಆ ಕೊನೇದು ಇನ್ನೊಂದ್ ಕಿತ ಓದಿ,” ಅಂದಳು.

ಓದಿದೆ, ಜಗಲಿಯ ಆ ತುದಿಗೂ ಕೇಳುವ ಹಾಗೆ.