ಚರ್ಚಿನ ಹಿಂದಿನ ನಲ್ಲಿ

ನನ್ನ ದೊಡ್ಡಪ್ಪ ಮೋಹನದಾಸ್ ಅವರಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಆದರೂ ಫ್ರಾನ್ಸಿನ ಶಾರಾಂತ್ ನದಿಯ ದಂಡೆಯ ಮೇಲೆ ಸೈಕಲ್ ಪ್ರವಾಸ ಹೋಗಬೇಕೆನ್ನುವವರು, ನಮ್ಮ ಪರಿಚಯದವರಾದರೆ, ಮೊದಲು ಯೆರವಡಾದ ನಮ್ಮ ಹೋಟೆಲಿಗೆ ಬಂದು ಅವರನ್ನು ಕೇಳುತ್ತಾರೆ. ಎಲ್ಲಿ ನೀರು ಸಿಗುತ್ತದೆ, ಎಲ್ಲಿ ನೆರಳಿದೆ, ಎಲ್ಲಿ ಗಾಳಿಗೆ ಒಲೆ ಆರಿಹೋಗುತ್ತದೆ, ಈ ಮೂರೂ ಅವರಿಗೆ ಬಾಯಿಪಾಠ.

ಇದು ಶುರುವಾದದ್ದು ಭಾನುವಾರದ ಇಡ್ಲಿಯಿಂದ. ಹನ್ನೆರಡು ಜನರ ಒಂದು ಗುಂಪು ಬೆಳಕು ಹರಿಯುವ ಮೊದಲೇ ಸೈಕಲ್ ಏರಿ ರಾಂಜಣಗಾಂವಕ್ಕೆ ಹೋಗಿ, ಗಣಪತಿಗೆ ಕೈಮುಗಿದು, ತಿರುಗಿ ಬರುವಾಗ ನಮ್ಮಲ್ಲಿ ತಿಂಡಿ ತಿನ್ನುತ್ತಿತ್ತು. ಗುಂಪಿಗೆ ಹಿರಿಯರು ಅಂಬಾ ಜಾಲಿಹಾಳ. ಧಾರವಾಡದವರು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು. ದೊಡ್ಡಪ್ಪ ಅವರನ್ನು ಅಂಬಕ್ಕ ಎನ್ನುತ್ತಾರೆ. ೨೦೧೬ರಲ್ಲಿ ಈ ಗುಂಪು ಹತ್ತು ದಿನ ಶಾರಾಂತ್ ಕಣಿವೆಯಲ್ಲಿ ಸುತ್ತಿ ಬರುವುದೆಂದು ನಿಶ್ಚಯಿಸಿತು. ಊಟದ್ದೇ ಚಿಂತೆಯಾಯಿತು.

"ಮೋಹನದಾಸರ, ನೀವೂ ಬರ್ರಿ," ಎಂದರು ಅಂಬಕ್ಕ. "ಹತ್ತ ದಿನಾ ಬರೇ ಬ್ರೆಡ್ ತಿಂದ್ರ ನಾ ಸೈಕಲ್ ಮ್ಯಾಲಿಂದ ಬೀಳ್ತೀನಿ."

"ನನಗೆ ಸೈಕಲ್ ಬರೂದಿಲ್ಲ ಅಂಬಕ್ಕ."

"ನಿಮಗ ಸೈಕಲ್ ಹೊಡಿ ಅಂದೋರು ಯಾರು? ಮಾರ್ಕೆಟ್ ಯಾರ್ಡಿಗೆ ಟೆಂಪೋ ಹೊಡೀತೀರಲಾ, ಅಲ್ಲಿ ವ್ಯಾನ್ ಹೊಡೀರಿ."

ಹಾಗೆ ದೊಡ್ಡಪ್ಪ ಎರಡು ಕುಕ್ಕರ್, ಒಂದು ಚೀಲ ಸೋನಾ ಮಸೂರಿ, ಸಾರಿನ ಪುಡಿ ಕಟ್ಟಿಕೊಂಡು ವಿಮಾನ ಹತ್ತಿದರು. ೨೦೧೮ರಲ್ಲಿ ಮತ್ತೊಮ್ಮೆ ಹೋದರು, ೨೦೧೯ರಲ್ಲಿ ಇನ್ನೊಮ್ಮೆ. ಆಮೇಲೆ ಕೊರೊನಾ ಬಂತು, ಗುಂಪಿನವರ ಮೊಣಕಾಲುಗಳೂ ಹಳೆಯವಾದವು.

ಮಧ್ಯಾಹ್ನ ಮೂರಕ್ಕೆ ಹೋಟೆಲು ಖಾಲಿಯಾದಾಗ ಅವರು ಆ ಕಣಿವೆಯ ಮಾತು ತೆಗೆಯುತ್ತಾರೆ. ನಾನು ಅದನ್ನು ನೋಡಿಲ್ಲ, ಅವರು ಹೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಶಾರಾಂತ್ ಅವಸರವಿಲ್ಲದ ನದಿಯಂತೆ. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಅದರ ಮೇಲೆ ಬಿದ್ದ ಒಂದು ಎಲೆಯನ್ನು ನೋಡುತ್ತಾ ಕೂರಬೇಕು. ದಂಡೆಯುದ್ದಕ್ಕೂ ಸೈಕಲ್ ದಾರಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಸೂರ್ಯಕಾಂತಿ ಹೊಲ, ನಡುನಡುವೆ ಅಕ್ರೋಟ್ ಮರ. ಮನೆಗಳೆಲ್ಲ ಬಿಳಿ ಕಲ್ಲಿನವು. ಸವಾರರು ಬೆಳಿಗ್ಗೆ ದಂಡೆ ಹಿಡಿದು ಹೊರಟರೆ, ದೊಡ್ಡಪ್ಪ ಡಾಂಬರು ರಸ್ತೆಯಲ್ಲಿ ವ್ಯಾನಿನೊಂದಿಗೆ ಮುಂದೆ ಹೋಗಿ ಊಟದ ಜಾಗ ಹುಡುಕುತ್ತಿದ್ದರು. ಊರುಗಳ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ನೋಟ್‌ಬುಕ್ಕಿನಲ್ಲಿ ತಾವೇ ಹೆಸರಿಟ್ಟರು: ತಗ್ಗಿನ ಸೇತುವೆ ಊರು, ನಾಯಿ ಮಲಗುವ ಊರು, ಎರಡು ಅಕ್ರೋಟ್.

"ಹನ್ನೆರಡು ಹೊಡೆದರೆ ಸಾಕು, ಊರಿಗೆ ಊರೇ ಕಿಟಕಿ ಮುಚ್ಚಿ ಊಟಕ್ಕೆ ಕೂತುಬಿಡ್ತದೆ," ಎನ್ನುತ್ತಾರೆ. "ಎರಡು ಗಂಟೆವರೆಗೆ ಅಂಗಡಿ ಇಲ್ಲ, ಕೇಳಲಿಕ್ಕೆ ಒಬ್ಬ ಮನುಷ್ಯ ಇಲ್ಲ. ನಮ್ಮವರಿಗೆ ಬಾಯಾರೋದೂ ಅದೇ ಹೊತ್ತಿಗೆ."

ಮೊದಲ ಪ್ರವಾಸದ ಎರಡನೆಯ ದಿನವೇ ಹಾಗಾಯಿತು. ಬಿಸಿಲು ಜೋರಾಗಿತ್ತು. ಕ್ಯಾನ್‌ಗಳಲ್ಲಿ ನೀರು ಮುಗಿದಿತ್ತು. ಒಂದು ಸಣ್ಣ ಊರಿನ ಚರ್ಚಿನ ಪಕ್ಕದ ನೆರಳಿನಲ್ಲಿ ವ್ಯಾನ್ ನಿಲ್ಲಿಸಿ ನಲ್ಲಿ ಹುಡುಕುತ್ತಿದ್ದಾಗ, ಗಿಡಕ್ಕೆ ನೀರು ಹಾಕುವ ಡಬ್ಬಿ ಹಿಡಿದ ಮುದುಕಿಯೊಬ್ಬಳು ಸಿಕ್ಕಳು. ದೊಡ್ಡಪ್ಪ ಕ್ಯಾನ್ ತಲೆಕೆಳಗು ಮಾಡಿ ತೋರಿಸಿದರು. ಆಕೆ ಚರ್ಚಿನ ಹಿಂದೆ ಕರೆದುಕೊಂಡು ಹೋಗಿ, ಕಬ್ಬಿಣದ ಗೇಟು ತೆಗೆದು, ನಲ್ಲಿ ತೋರಿಸಿ, ಒಳ್ಳೆಯದೆಂದು ತಿಳಿಸಲು ತಾನೇ ಒಂದು ಬೊಗಸೆ ಕುಡಿದಳು. ಎರಡನೆಯ ಕ್ಯಾನ್ ತುಂಬುತ್ತಿದ್ದಾಗ ದೊಡ್ಡಪ್ಪ ತಲೆಯೆತ್ತಿ ನೋಡಿದರು. ಸುತ್ತಲೂ ಕಲ್ಲುಗಳು, ಕಲ್ಲುಗಳ ಮೇಲೆ ಹೆಸರುಗಳು. ಮುದುಕಿ ಒಂದು ಕಲ್ಲಿನ ಬುಡದ ಹೂಗಿಡಕ್ಕೆ ನೀರು ಹಾಕುತ್ತಿದ್ದಳು.

ಆ ನೀರನ್ನು ಚೆಲ್ಲಿಬಿಡಬೇಕೆಂದುಕೊಂಡೇ ಹೊರಗೆ ಬಂದರಂತೆ. ಆಗಲೇ ಹನ್ನೆರಡೂ ಜನ ಕೆಂಪು ಮುಖ ಹೊತ್ತುಕೊಂಡು ನೆರಳಿಗೆ ಬಂದು ಕುಸಿದಿದ್ದರು. ದೊಡ್ಡಪ್ಪ ಮೊಸರಿಗೆ ಅದೇ ನೀರು ಬೆರೆಸಿ, ಶುಂಠಿ ಉಪ್ಪು ಹಾಕಿ ಮಜ್ಜಿಗೆ ಕೊಟ್ಟರು. ಅನ್ನಕ್ಕೂ ಅದನ್ನೇ ಇಟ್ಟರು.

ಅಂಬಕ್ಕ ಮಜ್ಜಿಗೆ ಕುಡಿದು, ಆಮೇಲೆ ಬರೀ ನೀರನ್ನೂ ಕುಡಿದರು. "ಎಲ್ಲೀದ್ರೀ ಈ ನೀರು? ನಮ್ಮ ಅಜ್ಜನ ಬಾವಿ ನೀರಿನಂಗ ಅದ."

"ಚರ್ಚಿನ ಹಿಂದೆ ಒಂದು ನಲ್ಲಿ ಇದೆ ಅಂಬಕ್ಕ."

"ಹಂಗಾರ ಗುಡಿ ನೀರು ಅನ್ರಿ."

ದೊಡ್ಡಪ್ಪ ಕುಕ್ಕರಿನ ಕಡೆ ತಿರುಗಿದರು. ಅಂಬಕ್ಕ ಒಂದು ಸಣ್ಣ ಬಾಟಲಿಯಲ್ಲಿ ಆ ನೀರು ತುಂಬಿಸಿಕೊಂಡರು. ಹೋದ ಕಡೆಯ ನೀರು ತಂದು ದೇವರ ಮನೆಯಲ್ಲಿಡುವುದು ಅವರ ರೂಢಿ. ಕೃಷ್ಣೆ, ನರ್ಮದೆ, ತುಂಗಭದ್ರೆಯ ಬಾಟಲಿಗಳ ಸಾಲಿಗೆ ಅದೂ ಸೇರಿತು. ಆ ವರ್ಷ ನವರಾತ್ರಿಯಲ್ಲಿ ಅವರ ಮನೆಗೆ ಹೋದ ದೊಡ್ಡಪ್ಪ, ಶಾರಾಂತ್ ಬಾಟಲಿಗೆ ಕುಂಕುಮ ಹಚ್ಚಿದ್ದನ್ನು ನೋಡಿ ಬಂದರು. ಅಂದು ದೊಡ್ಡಪ್ಪ ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರೆಂದು ದೊಡ್ಡಮ್ಮ ಪ್ರಫುಲ್ಲಾ ಈಗಲೂ ಹೇಳುತ್ತಾರೆ. ಕಾರಣ ದೊಡ್ಡಪ್ಪನಿಗೆ ಮಾತ್ರ ಗೊತ್ತಿತ್ತು. ಮುಂದಿನ ಎರಡು ಪ್ರವಾಸಗಳಲ್ಲೂ ಗುಂಪು ಅದೇ ನಲ್ಲಿಯ ನೀರು ಕುಡಿಯಿತು.

ಈ ವರ್ಷ ಅಂಬಕ್ಕನ ತಂಗಿಯ ಮಗಳು ಹರ್ಷದಾ ಹೊಸ ಗುಂಪು ಕಟ್ಟಿದಳು. ಜೂನ್‌ನಲ್ಲಿ ಅದೇ ದಾರಿ, ಆದರೆ ವ್ಯಾನ್ ಇಲ್ಲ, ಅಡುಗೆಯೂ ಇಲ್ಲ. ನೀರಿನ ಜಾಗಗಳ ಪಟ್ಟಿ ಬೇಕೆಂದು ಕೇಳಿದಳು. ದೊಡ್ಡಪ್ಪ ನೋಟ್‌ಬುಕ್ ನೋಡಿ ಹೇಳುತ್ತಾ ಹೋದರು, ನಾನು ಫೋನಿನ ನಕ್ಷೆಯಲ್ಲಿ ಊರು ಹುಡುಕಿ, ಅಂತರ ಎರಡೆರಡು ಸಲ ಅಳೆದು ಬರೆದುಕೊಂಡೆ. ಆ ಚರ್ಚಿನ ಊರು ಬಂದಾಗ ಅವರು ಪುಟ ತಿರುಗಿಸಿದರು.

"ಇದೊಂದು ಬಿಡು."

ಬಿಟ್ಟರೆ ಹಿಂದಿನ ನೀರಿನಿಂದ ಮುಂದಿನ ನೀರಿಗೆ ಇಪ್ಪತ್ತೇಳು ಕಿಲೋಮೀಟರ್ ಆಗುತ್ತಿತ್ತು. ನಾನು ಹಾಗೆಂದೆ. ಅವರು ಕನ್ನಡಕ ತೆಗೆದಿಟ್ಟು ಕೂತರು. ಆಗಲೇ ನನಗೂ ದೊಡ್ಡಮ್ಮನಿಗೂ ಈ ಕಥೆ ತಿಳಿದದ್ದು.

"ಚರ್ಚಿನ ಹಿಂದೆ ಅಂತ ಬರೆಸಿ, ಅಷ್ಟೇ ಸಾಕಲ್ಲ?" ಎಂದರು ದೊಡ್ಡಮ್ಮ.

"ಅವರು ಹೋಗಿ ನೋಡೂದಿಲ್ವಾ ಮಾರಾಯ್ತಿ? ನೋಡಿ ಫೋಟೋ ಕಳಿಸ್ತಾರೆ. ಅಂಬಕ್ಕ ಅದನ್ನ ಫೋನಲ್ಲಿ ನೋಡಬೇಕಾ? ಬೇಡ. ನಾನೇ ಹೇಳ್ತೇನೆ."

ಮರುದಿನ ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಅಂಬಕ್ಕ ಬಾಲ್ಕನಿಯಲ್ಲಿ ಸೈಕಲ್ ಮಗುಚಿಟ್ಟು ಚೈನಿಗೆ ಎಣ್ಣೆ ಬಿಡುತ್ತಿದ್ದರು. ದೊಡ್ಡಪ್ಪ ಕೂರಲಿಲ್ಲ.

"ಅಂಬಕ್ಕ, ಆ ಚರ್ಚಿನ ಹಿಂದಿನ ನಲ್ಲಿ ಸ್ಮಶಾನದ್ದು."

ಅಂಬಕ್ಕ ಪೆಡಲ್ ತಿರುಗಿಸುತ್ತಲೇ ಇದ್ದರು. "ನಿಮಗ ಯಾವಾಗ ಗೊತ್ತಾತು?"

"ಮೊದಲ ದಿನವೇ."

"ಮಜ್ಜಿಗಿ ಮಾಡೂಕಿಂತ ಮೊದಲೋ, ಆಮ್ಯಾಲೋ?"

"ಮೊದಲೇ."

ಪೆಡಲ್ ನಿಂತಿತು. "ಒಂಬತ್ತ ವರ್ಷ ಆತು ನಾ ಅದಕ್ಕ ಕುಂಕುಮ ಹಚ್ಚಾಕ ಹತ್ತಿ. ನೀವೂ ನೋಡೀರಿ."

"ನೋಡಿದ್ದೇನೆ."

"ನಮಸ್ಕಾರನೂ ಮಾಡಿದ್ರಿ."

"ಮಾಡಿದೆ."

ಅವರು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡರು, ಒಂದೊಂದೇ ಬೆರಳು. "ಅಷ್ಟ ಬಿಸಲಾಗ ಕೇಳಿದ್ರ ನಾ ಕುಡೀತಿದ್ದೆನೋ ಏನೋ. ನೀವು ಕೇಳಲೇ ಇಲ್ಲ. ಈರುಳ್ಳಿ ಹಾಕಿಲ್ಲ ಅಂತೀರಿ, ನಂಬತೀನಿ. ಬೆಳ್ಳುಳ್ಳಿ ಹಾಕಿಲ್ಲ ಅಂತೀರಿ, ನಂಬತೀನಿ. ಈಗ ಏನ್ ಮಾಡ್ಲಿ? ಹೋಗಿ ಬರ್ರಿ."

ಆ ಮನೆಯಿಂದ ಚಹಾ ಕುಡಿಯದೆ ನಾವು ಹೊರಗೆ ಬಂದದ್ದು ಅದೇ ಮೊದಲು. ಹೋಟೆಲಿಗೆ ಮರಳಿದ ದೊಡ್ಡಪ್ಪ ಪಟ್ಟಿಯಲ್ಲಿ ಆ ಜಾಗವನ್ನು ಹೀಗೆ ಬರೆಸಿದರು: "ಚರ್ಚಿನ ಹಿಂದೆ ಸ್ಮಶಾನ. ಗೇಟಿನ ಎಡಕ್ಕೆ ನಲ್ಲಿ. ಕುಡಿಯುವ ನೀರು. ಬರುವಾಗ ಗೇಟು ಹಾಕಬೇಕು."

ಮೂರು ಭಾನುವಾರ ಅಂಬಕ್ಕ ಬರಲಿಲ್ಲ. ಸೈಕಲ್ಲುಗಳು ಬಂದು ನಿಂತಾಗಲೆಲ್ಲ ದೊಡ್ಡಪ್ಪ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕತ್ತು ಚಾಚಿ ಎಣಿಸುತ್ತಿದ್ದರು. ಅಂಬಕ್ಕನ ಪಾಲಿನ ಈರುಳ್ಳಿಯಿಲ್ಲದ ಸಾಂಬಾರನ್ನು ಮಾತ್ರ ಬೇರೆ ಪಾತ್ರೆಯಲ್ಲಿ ಮಾಡಿಯೇ ಇಡುತ್ತಿದ್ದರು. ಹನ್ನೊಂದು ಗಂಟೆಗೆ ತಾವೇ ಅದನ್ನು ಅನ್ನಕ್ಕೆ ಹಾಕಿಕೊಂಡು ಉಣ್ಣುತ್ತಿದ್ದರು.

ನಾಲ್ಕನೆಯ ಭಾನುವಾರ ಹರ್ಷದಾಳ ಗುಂಪು ಹೊರಡುವ ಮೊದಲಿನ ಸಭೆಗೆಂದು ನಮ್ಮಲ್ಲಿ ಸೇರಿತು. ಅಂಬಕ್ಕನೂ ಬಂದು ಮೂಲೆಯ ಮೇಜಿಗೆ ಕೂತರು. ದೊಡ್ಡಪ್ಪನ ಕಡೆ ನೋಡಲಿಲ್ಲ. ಹರ್ಷದಾ ಪಟ್ಟಿ ಓದುತ್ತಾ ಆ ಊರಿಗೆ ಬಂದಳು.

"ಸ್ಮಶಾನದ ನೀರಾ?" ಎಂದ ಅಮೇಯ ಎಂಬ ಸವಾರ. "ಮೀ ನಾಹೀ ಪಿಣಾರ ಬಾಬಾ."

"ಕುಡೀಬ್ಯಾಡ," ಎಂದರು ಅಂಬಕ್ಕ ಮೂಲೆಯಿಂದ. "ಇಪ್ಪತ್ತೇಳು ಕಿಲೋಮೀಟರ್ ಒಣಾ ಗಂಟಲಾ ತಗೊಂಡು ಹೋಗು. ನಾ ಮೂರು ಸಲ ಕುಡದೀನಿ. ನನ್ನ ನೋಡಿದ್ರ ದೆವ್ವ ಕಂಡಂಗ ಆಗತದೇನು?"

"ಆಗ್ತದ ಮೌಶಿ, ಒಮ್ಮೊಮ್ಮೆ," ಎಂದಳು ಹರ್ಷದಾ. ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಅವಳೇ ಮೆಲ್ಲಗೆ ಕೇಳಿದಳು, "ಆ ಬಾಟ್ಲಿ ಏನ್ ಮಾಡ್ದಿ?"

"ದೇವರ ಮನ್ಯಾಗಿಂದ ತಗದೆ. ಚೆಲ್ಲಾಕ ಮನಸ ಬರಲಿಲ್ಲ. ಯಾರ ಮನಿ ಮಂದಿನೋ ಏನೋ, ಅಲ್ಲಿ ಮಲಗ್ಯಾರ. ನಮ್ಮ ಅಪ್ಪಾ ಅವ್ವನ ಫೋಟೋದ ಬಾಜೂಕ ಇಟ್ಟೀನಿ."

ದೊಡ್ಡಪ್ಪ ತಾವೇ ಚಹಾದ ಲೋಟ ತಂದು ಅವರ ಮುಂದಿಟ್ಟು ಅಲ್ಲೇ ನಿಂತರು.

ಅಂಬಕ್ಕ ಲೋಟ ಮುಟ್ಟಲಿಲ್ಲ. "ಏನೇನ್ ಹಾಕೀರಿ?"

"ಶುಂಠಿ. ಎರಡು ಏಲಕ್ಕಿ. ಸಕ್ಕರೆ ಒಂದು ಚಮಚ."

"ನೀರು?"

"ಕಾರ್ಪೊರೇಷನ್ ನಲ್ಲಿಯದು, ಅಂಬಕ್ಕ. ಬೆಳಿಗ್ಗೆ ಆರಕ್ಕೆ ಬಂದದ್ದು. ಕಾಯಿಸಿ ಸೋಸಿದ್ದು."

ಅವರು ದೊಡ್ಡಪ್ಪನ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಲೋಟ ಎತ್ತಿಕೊಂಡರು.

ಈಗ ಪ್ರತಿ ಭಾನುವಾರ ಅವರು ಹೀಗೇ ಕೇಳುತ್ತಾರೆ, ದೊಡ್ಡಪ್ಪ ಕೆಲಸ ಬಿಟ್ಟು ಹೋಗಿ, ಒಂದನ್ನೂ ಬಿಡದೆ, ಹಾಕಿದ್ದನ್ನೆಲ್ಲ ಹೇಳುತ್ತಾರೆ.