ಉದ್ಯೋಗ: ಮನೆಗೆಲಸ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಕೋರ್ಟಿನಲ್ಲಿ ನನ್ನ ಕೇಸು ಕೂಗುವ ಮೊದಲೇ ನಾಲ್ಕು ಸಲ ಪಡಸಾಲೆಗೆ ಹೋಗಿ ಬರುತ್ತೇನೆ, ಚಹಾ ಅರ್ಧಕ್ಕೇ ಬಿಡುತ್ತೇನೆ, ಎದುರಿನವರ ಮಾತು ಮುಗಿಯುವ ಮುನ್ನವೇ ಉತ್ತರ ಕೊಡುತ್ತೇನೆ. ಮುದ್ದೇಬಿಹಾಳದಲ್ಲಿ ಇಪ್ಪತ್ತು ವರ್ಷ ವಕೀಲಿಕೆ ಮಾಡಿದರೂ ಈ ಚಟ ಹೋಗಿಲ್ಲ. ಆದರೆ ಈಚೆಗೆ ಒಂದು ಶುಕ್ರವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ನನ್ನನ್ನು ಹಿಡಿದ ಚಡಪಡಿಕೆಯೇ ಬೇರೆ. ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ, ನಾನೇ.

ಮೊದಲು ನನ್ನ ಜಂಬದ ಕಥೆ ಹೇಳಿಬಿಡುತ್ತೇನೆ. ಸಿಂದಗಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ ಖಾತೆ ತೆರೆಯಲು ಬ್ಯಾಂಕಿಗೆ ಹೋಗಿದ್ದೆ. ಮೈಮೇಲೆ ಕರಿ ಕೋಟು, ಕೊರಳಲ್ಲಿ ಬಿಳಿ ಪಟ್ಟಿ. ಗುಮಾಸ್ತರು ತಲೆ ಎತ್ತದೆ ಅರ್ಜಿ ತುಂಬುತ್ತ ಹೋದರು. ಉದ್ಯೋಗ ಎಂದಿದ್ದಲ್ಲಿ 'ಮನೆಗೆಲಸ' ಎಂದು ಬರೆದರು. ನನಗೆ ತಲೆ ಕೆಟ್ಟುಹೋಯಿತು. ಕೌಂಟರಿನ ಮೇಲೆ ಕೈ ಬಡಿದು, "ಅಣ್ಣಾರ, ಈ ಕೋಟು ನಾ ಕಸಾ ಹೊಡ್ಯಾಕ ಹಾಕ್ಕೊಂಡೇನೇನ್ರಿ?" ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅರ್ಜಿ ಹರಿಸಿ ಹೊಸದು ಬರೆಸಿಕೊಂಡೇ ಬಂದೆ. ಅಲ್ಲಿಂದೀಚೆಗೆ ಈ ಕಥೆಯನ್ನು ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಮಹಿಳಾ ದಿನದ ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಈಗ ಆ ಹೆಣ್ಣುಮಗಳ ವಿಷಯ. ನಾಲತವಾಡದ ಕಡೆಯ ಹಳ್ಳಿಯವಳು. ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಮೂರು ವರ್ಷ, ಇಬ್ಬರು ಹೆಣ್ಣುಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಗಂಡನ ಪಾಲಿಗೆ ಬಂದಿದ್ದ ನಾಲ್ಕು ಎಕರೆ ಎರೆ ಹೊಲ ಅವಳ ಹೆಸರಿಗಾಗಿತ್ತು. ಮೈದುನ ಬದು ಒಡೆದು ಒಳಗೆ ನುಗ್ಗಲು ನೋಡಿದ್ದ. ಅವನನ್ನು ತಡೆಯಿರಿ ಎಂದು ದಾವೆ ಹಾಕಿದ್ದೆವು. ಅಣ್ಣ ಇದ್ದಾಗಿನಿಂದಲೂ ಆ ಹೊಲ ಮಾಡುತ್ತಿರುವವನು ತಾನೇ, ಅತ್ತಿಗೆ ಮನೆಯಲ್ಲಿ ರೊಟ್ಟಿ ಬಡಿಯುವವಳು, ಹೊಲದ ಹಾದಿ ಕಂಡವಳಲ್ಲ ಎನ್ನುವುದು ಅವನ ತಕರಾರು. ಇಂಥ ದಾವೆಯಲ್ಲಿ ಹೊಲ ಯಾರ ಹೆಸರಿಗಿದೆ ಎಂದರಷ್ಟೇ ಸಾಲದು, ದಾವೆ ಹಾಕಿದ ದಿನ ಅದು ಯಾರ ಕಬ್ಜೆಯಲ್ಲಿತ್ತು, ಅಂದರೆ ಯಾರು ಬಿತ್ತಿ ಬೆಳೆಯುತ್ತಿದ್ದರು ಎನ್ನುವುದನ್ನೂ ತೋರಿಸಬೇಕು. ಸೋತರೆ ಅವಳು ತನ್ನದೇ ಹೊಲದಲ್ಲಿ ಮೈದುನನ ಕೂಲಿಯವಳಾಗಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಅವಳ ಪಾಟೀಸವಾಲು ಶುರುವಾಯಿತು. ಎದುರು ವಕೀಲರು ನನಗಿಂತ ಹಿರಿಯರು. ಹೊರಗೆ ಸಿಕ್ಕಾಗಲೆಲ್ಲ "ಏನ್ ಮೇಡಂ, ಇವತ್ತ ಅಡಗಿ ನಿಮ್ಮ ಮನಿ ಸಾಹೇಬ್ರದೇನು?" ಎಂದು ನನ್ನನ್ನು ಕಿಚಾಯಿಸುವವರು. ಅವರು ನಾನು ಬರೆದ ದಾವೆಯ ಮೊದಲ ಪುಟವನ್ನು ಅವಳ ಮುಂದೆ ಹಿಡಿದರು.

"ಇದರಾಗ ನಿಮ್ಮ ಉದ್ಯೋಗ ಮನೆಗೆಲಸ ಅಂತ ಬರ್ಸೀರಿ. ಹೌದಲ್ಲೋ?"

"ನನಗ ಓದಾಕ ಬರಂಗಿಲ್ರಿ."

"ಹೆಬ್ಬೆಟ್ಟು ನಿಮ್ಮದ ಐತಲ್ಲ?"

"ಹೌದ್ರಿ, ನಂದ."

"ಅಂದ್ರ ನೀವು ಮನಿ ಕೆಲಸ ಮಾಡಾಕಿ, ಹೊಲದ ಕೆಲಸ ಮಾಡಾಕಿ ಅಲ್ಲ."

ನಾನು ಎದ್ದು ಆಕ್ಷೇಪಣೆ ಎಂದೆ. ನ್ಯಾಯಾಧೀಶರು ಕೂರಲು ಕೈ ಮಾಡಿದರು. ಅವಳು ಅವರತ್ತ ನೋಡಲಿಲ್ಲ, ನನ್ನನ್ನೇ ನೋಡುತ್ತ, "ಅದನ್ನ ನಾ ಬರದಿಲ್ರಿ. ನಮ್ಮ ವಕೀಲ ಅಕ್ಕಾರು ಬರದಾರ್ರಿ" ಎಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹೊತ್ತಾಗಿತ್ತು, ಉಳಿದ ಪಾಟೀಸವಾಲು ಸೋಮವಾರಕ್ಕೆ ಹೋಯಿತು.

ನಾನು ಹೇಗೆ ಬರೆದೆ ಎಂದು ಕೇಳಿದರೆ, ಬರೆಯಲೇ ಇಲ್ಲ ಎನ್ನಬೇಕು. ನಮ್ಮಲ್ಲಿ ಹೊಸ ದಾವೆ ಹೊಸದಾಗಿ ಹುಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ಹಳೆಯದೊಂದನ್ನು ತೆಗೆದು ಹೆಸರು, ವಯಸ್ಸು, ಊರು, ಸರ್ವೆ ನಂಬರು ಬದಲಿಸುತ್ತೇವೆ. ಗಂಡಸಾದರೆ ಉದ್ಯೋಗ ಒಕ್ಕಲುತನ, ಹೆಂಗಸಾದರೆ ಮನೆಗೆಲಸ. ಗಂಡಸು ದಿನವಿಡೀ ಕಟ್ಟೆಯ ಮೇಲೆ ಇಸ್ಪೀಟು ಆಡುವವನಿರಲಿ, ಅವನದು ಒಕ್ಕಲುತನವೇ. ನನ್ನ ಮುಂದೆ ಕುಳಿತವಳ ಉಗುರಿನ ಸಂದಿಯಲ್ಲಿ ಎರೆಮಣ್ಣು ಇದ್ದೇ ಇತ್ತು. ಅದನ್ನು ನೋಡಿಯೂ ನಾನು ಕೇಳಲಿಲ್ಲ. ಬ್ಯಾಂಕಿನ ಗುಮಾಸ್ತರಾದರೂ ತಲೆ ಎತ್ತಿರಲಿಲ್ಲ, ನಾನು ಎತ್ತಿ ನೋಡಿಯೂ ಅದನ್ನೇ ಬರೆದಿದ್ದೆ.

ಶನಿವಾರ ಬೆಳಿಗ್ಗೆ ಅವಳು ನನ್ನ ಆಫೀಸಿಗೆ ಬಂದಳು. ಪಾಟೀಸವಾಲು ನಡುವೆ ನಿಂತಿರುವಾಗ ಸಾಕ್ಷಿಗೆ ವಕೀಲರು ಏನನ್ನೂ ಹೇಳಿಕೊಡುವಂತಿಲ್ಲ. ನಾನು ಬಾಗಿಲಲ್ಲೇ, "ಕೇಸಿನ ಮಾತು ಆಡಂಗಿಲ್ಲ ತಂಗಿ" ಎಂದೆ.

"ಕೇಸಿಂದ ಕೇಳಂಗಿಲ್ರಿ. ನಿಮ್ಮದ ಒಂದು ಕೇಳ್ತೇನಿ. ಯಾಕ ಹಂಗ ಬರದ್ರಿ?"

"ರೂಢಿ" ಎಂದೆ. ಹೇಳಿದ ಮೇಲೆ ಆ ಉತ್ತರ ನನಗೇ ಅಸಹ್ಯವೆನಿಸಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮುದ್ದೇಬಿಹಾಳದಾಗ ಗಂಡಸ ವಕೀಲರು ಬೇಕಾದಷ್ಟು ಮಂದಿ ಅದಾರ್ರಿ. ಹೆಣ್ಣಮಗಳು ಅದಾಳ, ಅಕಿಗೆ ಎಲ್ಲಾ ಬಿಡಿಸಿ ಹೇಳೂದ ಬ್ಯಾಡ, ತಾನ ತಿಳೀತೈತಿ ಅಂತ ನಿಮ್ಮ ಕಡೆ ಬಂದೇನ್ರಿ" ಎಂದು ಹೇಳಿ ಹೊರಟೇಹೋದಳು. ಜೋರು ಮಾಡಿ ಜಗಳವಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ.

ಮನೆಯಲ್ಲಿ ನಿಲ್ಲಲಾಗಲಿಲ್ಲ. ಭಾನುವಾರ ಇಂಡಿಯಲ್ಲಿರುವ ಅವ್ವನನ್ನು ನೋಡಿ ಬರುತ್ತೇನೆಂದು ಗಂಡನಿಗೆ ಹೇಳಿ ಬಸ್ಸು ಹತ್ತಿದೆ. ಬಸವನ ಬಾಗೇವಾಡಿಯಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯುತ್ತ ಸ್ಟ್ಯಾಂಡಿನ ಉದ್ದಗಲ ಅಳೆದೆ. ಬಂದ ಬಸ್ಸಿನಲ್ಲಿ ಹೆಣ್ಣುಮಕ್ಕಳೇ ತುಂಬಿದ್ದರು. ಕುರ್ಪಿ, ಬುತ್ತಿಗಂಟು ಹಿಡಿದು ಕಳೆ ತೆಗೆಯಲು ಹೊರಟವರು. ಸೀಟು ಸಿಗದ ಗಂಡಸೊಬ್ಬ, "ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ದ ಮಾಡಿದ್ದು, ಮನಿ ಬಿಟ್ಟು ತಿರಗಾಕ ಹತ್ತ್ಯಾರ ನೋಡ್ರಿ" ಎಂದು ಕಂಡಕ್ಟರಿಗೆ ಹೇಳಿದ. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡಿಸುತ್ತಿದ್ದೆ. ಅವತ್ತು ಪಕ್ಕದಲ್ಲಿ ಕುಳಿತಿದ್ದವಳ ಕೈಯ ಕುರ್ಪಿ ನೋಡುತ್ತಿದ್ದೆ. ಇವಳು ನಾಳೆ ನನ್ನ ಆಫೀಸಿಗೆ ಬಂದರೆ ಏನು ಬರೆಯುತ್ತಿದ್ದೆ? ಆ ಬಸ್ಸಿನ ಒಬ್ಬೊಬ್ಬಳಿಗೂ ಅದನ್ನೇ ಬರೆಯುತ್ತಿದ್ದೆ.

ಅವ್ವ ನಿಂಬೆ ತೋಟದಲ್ಲಿದ್ದಳು. ಎಪ್ಪತ್ತು ದಾಟಿದರೂ ದೋಟಿ ಬಿಟ್ಟಿಲ್ಲ. ಅದರ ಕೊಕ್ಕೆಯಿಂದ ಕೊಂಬೆ ಬಾಗಿಸಿ ಕಾಯಿ ಹರಿಯುತ್ತಿದ್ದಳು. ಮೊಣಕೈವರೆಗೆ ಮುಳ್ಳು ಗೀರಿದ ಗೆರೆಗಳು, ಕೆಲವು ಹಸಿ, ಕೆಲವು ನಾನು ಸಣ್ಣವಳಿದ್ದಾಗಿನವು. ಸುತ್ತುಬಳಸದೆ ಕೇಳಿದೆ: "ಯವ್ವಾ, ನಿನ್ನ ಉದ್ಯೋಗ ಏನಂತ ಯಾರರೆ ಕೇಳಿದ್ರ ಏನ್ ಹೇಳ್ತಿ?"

"ನಂದೇನ ಉದ್ಯೋಗ? ಮನ್ಯಾಗ ಇರ್ತೇನಿ" ಎಂದಳು, ಮರದ ಮೇಲಿನ ಕಣ್ಣು ತೆಗೆಯದೆ. "ತೋಟ ನಿಮ್ಮಪ್ಪಂದು."

ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ನನಗೆ ನಗು ಬಂತು, ಅದರ ಹಿಂದೆಯೇ ಅಳು. "ಹಂಗಂದ್ರ ಈ ಹನ್ನೊಂದು ವರ್ಷ ಕಾಯಿ ಯಾರು ಹರದಾರ, ಅಪ್ಪ ಬಂದು ಹರದು ಹೋಗ್ಯಾನೇನು?" ಎಂದು ಕೂಗಾಡಿದೆ. ಅವ್ವ ದೋಟಿ ಇಳಿಸಿ, "ಹುಚ್ಚರಂಗ ಮಾಡಬ್ಯಾಡ, ಬುಟ್ಟಿ ಹಿಡಿ" ಎಂದಳು. ಹಿಡಿದೆ. ಸಂಜೆ ವಾಪಸು ಬರುವಾಗ ಬಸ್ಸಿನಲ್ಲೇ ನಿರ್ಧರಿಸಿದೆ: ಏನೇ ಆಗಲಿ, ಆ ದಾವೆಯ ಮೊದಲ ಪುಟ ತಿದ್ದಲು ಅರ್ಜಿ ಹಾಕುತ್ತೇನೆ.

ಸೋಮವಾರ ಎದುರು ವಕೀಲರು ನೇರ ಬಿತ್ತನೆಗೇ ಬಂದರು. ನಮ್ಮ ಕಡೆ ಹೊಲದಲ್ಲಿ ಹೆಂಗಸರು ಮಾಡದ ಕೆಲಸವಿಲ್ಲ. ಕಳೆ, ಕೊಯ್ಲು, ರಾಶಿ, ಎಲ್ಲ ಮಾಡುತ್ತಾರೆ. ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವರೂ ಅವರೇ. ಆದರೆ ಕೂರಿಗೆಯ ಹಿಡಿಕೆ ಮುಟ್ಟುವಂತಿಲ್ಲ. ಮುಟ್ಟಿದರೆ ಮಳೆ ಹೋಗುತ್ತದೆ ಎಂದು ಕೆಲವು ಊರುಗಳಲ್ಲಿ ಇನ್ನೂ ನಂಬುತ್ತಾರೆ. ಎದುರು ವಕೀಲರು ಅದನ್ನೇ ಹಿಡಿದರು.

"ದಾವೆ ಹಾಕಿದ ವರ್ಷ ತೊಗರಿ ಬಿತ್ತಿದ್ದು ಕೂರಿಗಿಲೆ ಅಲ್ಲ?"

"ಹೌದ್ರಿ."

"ನಿಮ್ಮೂರಾಗ ಹೆಣ್ಣಮಕ್ಕಳು ಕೂರಿಗಿ ಹಿಡಿಯೂ ಪದ್ಧತಿ ಐತೇನು?"

"ಇಲ್ರಿ."

"ಮತ್ತ ಬಿತ್ತಿದಾವ ನಿಮ್ಮ ಮೈದುನನ ಅಂದಂಗಾತು."

"ಇಲ್ರಿ. ನಾನ ಹಿಡದೇನ್ರಿ ಕೂರಿಗಿ."

ಅಲ್ಲಿಗೆ ಅವರು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಯಾರು ನೋಡ್ಯಾರ?" ಎಂದರು.

ಅವಳು ಹಿಂದಿನ ಬೆಂಚಿನಲ್ಲಿದ್ದ ಮೈದುನನತ್ತ ಕೈ ಮಾಡಿದಳು. "ಅಂವನ ನೋಡ್ಯಾನ್ರಿ. ಎತ್ತು ನಮ್ಮೂವ ಇದ್ದೂರಿ. ಇಕಿ ಹೊಲಕ್ಕ ಯಾರೂ ಹೋಗಬ್ಯಾಡ್ರಿ ಅಂತ ಊರಾಗೆಲ್ಲಾ ಹೇಳಿಟ್ಟಿದ್ದ. ಹೊಲದ ಹದ ಹೋಗಾಕತ್ತಿತ್ತು. ಕೂರಿಗಿ ನಾ ಹಿಡದೆ, ನನ್ನ ಮಕ್ಕಳು ಬೀಜ ಬಿಟ್ಟೂ. ಅಂವ ಬದುವಿನ ಮ್ಯಾಲೆ ನಿಂತು ಬಾಯಿ ಮಾಡಿದ. ಹೆಂಗಸು ಕೂರಿಗಿ ಮುಟ್ಯಾಳ, ಮಳಿ ಹೋಗ್ತೈತಿ ಅಂತ ಹಿರ್ಯಾರನ್ನ ಕೂಡಿಸಿದ. ಹಣಮಪ್ಪನ ಗುಡಿ ಮುಂದ ತಪ್ಪಿಗೆ ದಂಡ ಅಂತ ನನ್ನ ಕಡಿಂದ ಐದು ಕಾಯಿ ಒಡಿಸಿದ್ರು. ಇಡೀ ಊರ ನೋಡೈತ್ರಿ."

ಮೈದುನನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಮತ್ತ ಮುಟ್ಟಬಾರದಾಗಿತ್ತು ನೋಡ್ರಿ ಸಾಹೇಬ್ರ! ಆ ವರ್ಷ ಮಳಿ ಖರೇನ ಕೈ ಕೊಡ್ತು!" ಎಂದು ಕೂಗಿದ.

ನ್ಯಾಯಾಧೀಶರು ಅವನನ್ನು ಗದರಿಸಿ ಕೂರಿಸಿದರು, ಆಮೇಲೆ ಬರೆಯಲು ತೊಡಗಿದರು. ಎದುರು ವಕೀಲರು ಕಡತ ಮುಚ್ಚಿದರು. ಅತ್ತಿಗೆ ಹೊಲದ ಹಾದಿ ಕಂಡವಳಲ್ಲ ಎಂದು ಪ್ರಮಾಣ ಮಾಡಿದವನು, ಅವಳು ಹೊಲ ಬಿತ್ತಿದ್ದಕ್ಕೇ ಪಂಚಾಯಿತಿ ಸೇರಿಸಿದ್ದ.

ಹೊರಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡೆ. "ಇಷ್ಟ ದಿನ ಇದನ್ನ ನನಗ ಯಾಕ ಹೇಳಲಿಲ್ಲ?"

"ತಪ್ಪು ಮಾಡೇನಿ ಅಂತ ಮುಚ್ಚಿಟ್ಟಿದ್ದೇನ್ರಿ. ನೀವೂ ಕೇಳಲಿಲ್ಲ. ಶುಕ್ರವಾರ ಆ ವಕೀಲ್ರು ಮನಿ ಕೆಲಸದಾಕಿ ಅಂದ್ರಲ್ಲ, ಹೊಟ್ಯಾಗ ಬೆಂಕಿ ಬಿತ್ತು. ತಪ್ಪಾದ್ರ ಆಗ್ಲಿ, ಹೇಳೇ ಬಿಡ್ತೇನಿ ಅಂದೆ."

ಅವಳು ಮರೆಮಾಚಿದ್ದ ತಪ್ಪೇ ಕೇಸಿನ ಜೀವಾಳವಾಗಿತ್ತು, ಮತ್ತು ಅದು ಹೊರಬರಲು ನನ್ನ ತಪ್ಪು ಬೇಕಾಯಿತು. ಗೆಲುವು ಖಾತ್ರಿಯಾದ ಖುಷಿಯಲ್ಲಿ ನಾನು ಪಡಸಾಲೆಯಲ್ಲಿ ಎಲ್ಲರಿಗೂ ಚಹಾ ಹೇಳಿದೆ. ಆ ಚಹಾದ ಜೊತೆಗೇ, ಬಸ್ಸಿನಲ್ಲಿ ನಿರ್ಧರಿಸಿದ್ದ ತಿದ್ದುಪಡಿಯ ಅರ್ಜಿಯನ್ನು ಮರೆತೆ.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ಹೊಲ ಅವಳ ಕಬ್ಜೆಯಲ್ಲಿದೆ, ಮೈದುನ ಅದರೊಳಗೆ ಕಾಲಿಡಬಾರದು ಎಂದು ಆದೇಶವಾಗಿತ್ತು. ತೀರ್ಪಿನ ಪ್ರತಿ ಕೈಗೆ ಸಿಕ್ಕ ದಿನ ಅವಳನ್ನು ಕರೆಸಿ ಗೆದ್ದೆವೆಂದು ಹೇಳಿದೆ. ಅವಳು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು, "ಪೂರಾ ಓದಿ ಹೇಳ್ರಿ. ಮೊದಲಿಂದ" ಎಂದಳು.

ನಾನು ಗಡಿಬಿಡಿಯಲ್ಲೇ ಶುರುಮಾಡಿದೆ. ಕೋರ್ಟಿನ ಹೆಸರು, ದಾವೆಯ ನಂಬರು, ವಾದಿಯ ಹೆಸರು, ವಯಸ್ಸು. ಅಲ್ಲಿಗೆ ನಾಲಿಗೆ ನಿಂತಿತು. ತೀರ್ಪಿನ ಮೊದಲ ಪುಟಕ್ಕೆ ದಾವೆಯ ಮೊದಲ ಪುಟ ಇದ್ದ ಹಾಗೆಯೇ ಇಳಿದಿತ್ತು.

"ಯಾಕ ನಿಂತ್ರಿ?"

"ಉದ್ಯೋಗ, ಮನೆಗೆಲಸ" ಎಂದು ಓದಿದೆ.

ಅವಳು ಕಾಗದವನ್ನು ತನ್ನತ್ತ ತಿರುಗಿಸಿಕೊಂಡು, "ಎಲ್ಲೈತ್ರಿ ಅದು?" ಎಂದಳು. ತೋರಿಸಿದೆ. ಆ ಅಕ್ಷರಗಳ ಮೇಲೆ ಹೆಬ್ಬೆರಳು ಊರಿದಳು. "ಗೆದ್ರೂ ಹಂಗ ಐತಲ್ರಿ."

ನಾಳೆಯೇ ತಿದ್ದುಪಡಿಗೆ ಅರ್ಜಿ ಹಾಕುತ್ತೇನೆ ಎಂದೆ. ಅವಳು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡಳು.

"ಈಗ ಬರೀರಿ. ನಾ ಇಲ್ಲೇ ಕುಂದರ್ತೇನಿ."

ನಾನು ಎದ್ದು ಓಡಾಡಲಿಲ್ಲ, ಚಹಾ ಹೇಳಲಿಲ್ಲ. ಹಳೆಯ ಯಾವ ಅರ್ಜಿಯನ್ನೂ ತೆರೆಯದೆ ಖಾಲಿ ಪುಟದಲ್ಲಿ ಮೊದಲ ಸಾಲಿನಿಂದ ಬರೆದೆ. ಮುಗಿದ ಮೇಲೆ ಅವಳು, "ಏನ್ ಬರದೀರಿ, ಓದ್ರಿ" ಎಂದಳು.

"ಉದ್ಯೋಗ, ಒಕ್ಕಲುತನ" ಎಂದು ಓದಿದೆ.

"ಇನ್ನೊಮ್ಮೆ ಓದ್ರಿ" ಎಂದಳು.